ಮಳೆಗಾಲದಲ್ಲಿ ಬಾಯಾರುವುದಿಲ್ಲ, ತೊಂದರೆ ಇರುವುದೇ ಅಲ್ಲಿ

ಜುಲೈ ತಿಂಗಳು. ಕೊಡಗಿನ ನಾಪೋಕ್ಲು ಕಡೆ ಮಳೆ ಹಿಡಿದು ಆರನೇ ದಿನ. ಬಟ್ಟೆ ಒಣಗುತ್ತಿಲ್ಲ, ಕರೆಂಟ್ ಇಲ್ಲ, ಒಲೆ ಮುಂದಿನಿಂದ ಏಳಲು ಯಾರಿಗೂ ಮನಸ್ಸಿಲ್ಲ. ಸುತ್ತ ನೀರೋ ನೀರು. ಅಂಥ ದಿನ ಬೆಳಿಗ್ಗೆ ನಾನು ಮೈಯಲ್ಲಿ ನೀರಿಲ್ಲದೆ ಬಿದ್ದೆ. ಹಾಸಿಗೆಯಿಂದ ಎದ್ದು ನಿಂತಿದ್ದಷ್ಟೇ ನೆನಪು, ಆಮೇಲೆ ಕಣ್ಣು ಕತ್ತಲಿಟ್ಟಿತು. ಸದ್ದು ಕೇಳಿ ಅವ್ವ ಓಡಿ ಬಂದರು.

ಆಸ್ಪತ್ರೆಯಲ್ಲಿ ಎರಡು ಬಾಟಲಿ ಡ್ರಿಪ್ ಹಾಕಿದರು. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ಇಳಿದಿತ್ತು, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಏರಿತ್ತು. ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ ಅಂತ ಡಾಕ್ಟರ್ ಕೇಳಿದಾಗ ಲೆಕ್ಕ ಹಾಕಿ ನೋಡಿದೆ. ಮೂರು ಲೋಟ ಕಾಫಿ, ಮಾತ್ರೆ ನುಂಗಲು ಒಂದು ಲೋಟ ನೀರು. ಅಷ್ಟೇ.

ನನಗೆ ಒಂಬತ್ತು ವರ್ಷದಿಂದ ಅಲ್ಸರೇಟಿವ್ ಕೊಲೈಟಿಸ್ ಇದೆ. ದೊಡ್ಡ ಕರುಳಿನ ಒಳಪದರ ಊದಿಕೊಂಡು ಹುಣ್ಣಾಗುವ ಕಾಯಿಲೆ. ಪೂರ್ತಿ ವಾಸಿ ಮಾಡುವ ಮಾತ್ರೆ ಇಲ್ಲ, ಹತೋಟಿಯಲ್ಲಿಡುವ ಮಾತ್ರೆ ಇದೆ. ಚೆನ್ನಾಗಿದ್ದರೆ ತಿಂಗಳುಗಟ್ಟಲೆ ಚೆನ್ನಾಗಿರುತ್ತೇನೆ. ಕೆರಳಿದರೆ ದಿನಕ್ಕೆ ಎಂಟು ಹತ್ತು ಸಲ ಓಡಬೇಕು, ಜೊತೆಗೆ ರಕ್ತವೂ ಹೋಗುತ್ತದೆ.

ಹಾಗಿದ್ದೂ ನೀರು ಯಾಕೆ ಕುಡಿಯುತ್ತಿರಲಿಲ್ಲ ಅಂದರೆ, ಹೆದರಿಕೆ. ತಪಾಸಣೆಗೆ ಮೈಸೂರಿಗೆ ಹೋಗಬೇಕು, ಮಡಿಕೇರಿಯಿಂದಲೇ ಸುಮಾರು 120 ಕಿಲೋಮೀಟರ್, ಕುಶಾಲನಗರ ದಾಟಿದ ಮೇಲೆ ಬಸ್ ಎಲ್ಲಿ ನಿಲ್ಲುತ್ತದೆ, ಅಲ್ಲಿ ಶೌಚಾಲಯ ಇರುತ್ತದಾ, ಇದ್ದರೂ ಬಾಗಿಲಿಗೆ ಚಿಲಕ ಇರುತ್ತದಾ ಅನ್ನುವ ಲೆಕ್ಕಾಚಾರದಲ್ಲೇ ಹಿಂದಿನ ದಿನ ಸಂಜೆಯಿಂದ ನೀರು ನಿಲ್ಲಿಸಿಬಿಡುತ್ತಿದ್ದೆ. ಬರಬರುತ್ತಾ ಮನೆಯಲ್ಲಿದ್ದಾಗಲೂ ಅದೇ ಅಭ್ಯಾಸವಾಯಿತು. ಕುಡಿದರೆ ತಾನೇ ಓಡಬೇಕು ಅನ್ನೋದು ನನ್ನ ನಂಬಿಕೆ. ಹೀಗೆ ಮಾಡುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಮುಂದಿನದನ್ನು ನಿಧಾನವಾಗಿ ಓದಿ.

ನೀರು ಕಮ್ಮಿ ಮಾಡಿದರೆ ಓಡಾಟ ಕಮ್ಮಿ ಆಗುವುದಿಲ್ಲ.

ನಾವು ಕುಡಿಯುವುದು ದಿನಕ್ಕೆ ಎರಡು ಲೀಟರ್ ಇರಬಹುದು. ಅದರ ಜೊತೆ ಎಂಜಲು, ಜಠರದ ರಸ, ಪಿತ್ತ ಎಲ್ಲ ಸೇರಿ ಇನ್ನೂ ಸುಮಾರು ಏಳು ಲೀಟರ್‌ನಷ್ಟು ದ್ರವವನ್ನು ದೇಹವೇ ಕರುಳಿಗೆ ಸುರಿಯುತ್ತದೆ. ಹೆಚ್ಚಿನದನ್ನು ಸಣ್ಣ ಕರುಳು ವಾಪಸ್ ಎಳೆದುಕೊಳ್ಳುತ್ತದೆ. ಉಳಿದ ಒಂದು, ಒಂದೂವರೆ ಲೀಟರ್ ಎಳೆದುಕೊಳ್ಳುವುದು ದೊಡ್ಡ ಕರುಳಿನ ಕೆಲಸ. ನನ್ನಲ್ಲಿ ಕೆಟ್ಟಿರುವುದೇ ಅದು. ಹಾಗಾಗಿ ನಾನು ಕುಡಿದರೂ, ಬಿಟ್ಟರೂ ನೀರು ಹೋಗುತ್ತಲೇ ಇರುತ್ತದೆ. ಕುಡಿಯದಿದ್ದರೆ ಹೋದದ್ದು ತುಂಬುವುದಿಲ್ಲ, ಅಷ್ಟೇ. ನಾನು ತೆಗೆದುಕೊಳ್ಳುವ ಮೆಸಲಮೈನ್ ಮಾತ್ರೆ ಕೆಲವರಲ್ಲಿ ಕಿಡ್ನಿಗೆ ತೊಂದರೆ ಕೊಡಬಹುದು, ಕಲ್ಲೂ ಕಟ್ಟಬಹುದು. ಅದಕ್ಕೇ ಆಗಾಗ ಕ್ರಿಯಾಟಿನಿನ್ ನೋಡುವುದು. ಇದನ್ನು ಮೊದಲೇ ಹೇಳಿದ್ದರು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಬಿದ್ದು ಎದ್ದ ಮೇಲೆ ಇನ್ನೊಂದು ತಪ್ಪು ಮಾಡಿದೆ. ಬರೀ ನೀರನ್ನೇ ಚೊಂಬುಗಟ್ಟಲೆ ಕುಡಿದೆ. ಹೊಟ್ಟೆ ಉಬ್ಬರ, ತಲೆನೋವು, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು ಮಾತ್ರ ನಿಲ್ಲಲಿಲ್ಲ. ಭೇದಿಯಲ್ಲಿ ನೀರಿನ ಜೊತೆ ಉಪ್ಪೂ ಹೋಗಿರುತ್ತದೆ, ಅಲ್ವಾ? ಅದು ವಾಪಸ್ ಬರದೆ ಬರೀ ನೀರು ತುಂಬಿದರೆ ರಕ್ತದಲ್ಲಿ ಸೋಡಿಯಂ ಇನ್ನೂ ತೆಳುವಾಗುತ್ತದೆ. ಸಣ್ಣ ಕರುಳಿನಲ್ಲಿ ಉಪ್ಪು ಮತ್ತು ಗ್ಲೂಕೋಸ್ ಕೈಕೈ ಹಿಡಿದು ಒಳಗೆ ಹೋಗುತ್ತವೆ, ಅವುಗಳ ಹಿಂದೆ ನೀರು ಹೋಗುತ್ತದೆ. ಓಆರ್‌ಎಸ್ ಅಂದರೆ ಇದೇ, ಉಪ್ಪು ಮತ್ತು ಗ್ಲೂಕೋಸ್ ಅಳತೆಗೆ ಕಲಸಿದ ನೀರು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಾಲನಬಿಸ್ ಇದನ್ನೇ ಡ್ರಮ್ಮುಗಳಲ್ಲಿ ಕಲಸಿ ಕೊಟ್ಟು ಎಷ್ಟೋ ಜೀವ ಉಳಿಸಿದರು.

ಅಂಗಡಿಯಲ್ಲಿ ಕೊಳ್ಳುವಾಗ ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಇದೆಯಾ ನೋಡಿ. ಸಕ್ಕರೆ ಜಾಸ್ತಿ ಇರುವ ಪಾನೀಯಗಳೂ ಓಆರ್‌ಎಸ್ ಅಂತ ಹೆಸರಿಟ್ಟುಕೊಂಡು ಬರುತ್ತಿದ್ದವು. ಹಾಗೆ ಹೆಸರಿಡಬಾರದು ಅಂತ ಆಹಾರ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಹೇಳಿತು. ಸಕ್ಕರೆ ಅಷ್ಟಾದರೆ ಭೇದಿ ಹೆಚ್ಚುತ್ತದೆ. ಒಂದು ಲೀಟರ್‌ನ ಪೊಟ್ಟಣವಾದರೆ ಪೂರ್ತಿ ಒಂದು ಲೀಟರ್‌ಗೇ ಕಲಸಿ, ಲೋಟಕ್ಕೆ ಒಂದು ಚಿಟಿಕೆ ಹಾಕುವುದು ಬೇಡ. 24 ಗಂಟೆ ದಾಟಿದರೆ ಚೆಲ್ಲಿ. ಪೊಟ್ಟಣ ಇಲ್ಲದ ದಿನ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕುದಿಸುವುದನ್ನು ಬಿಡಬೇಡಿ. ಮಳೆಗಾಲದಲ್ಲಿ ನಮ್ಮ ತೋಡಿನ ನೀರು ಕೆಂಪಗೆ ಬರುತ್ತದೆ, ಬಾವಿಯೂ ತುಂಬಿ ಕಲಕುತ್ತದೆ.

ಅವ್ವನಿಗೆ ಈ ಪೊಟ್ಟಣಗಳ ಮೇಲೆ ನಂಬಿಕೆ ಇಲ್ಲ. ಅವರದು ಗಂಜಿ ತಿಳಿ. ಅನ್ನ ಚೆನ್ನಾಗಿ ಬೆಂದ ಮೇಲೆ ತಿಳಿ ಬಸಿದು, ಉಪ್ಪು ಹಾಕಿ, ಬೆಚ್ಚಗೆ ಕೊಡುತ್ತಾರೆ. ಅಕ್ಕಿಯ ಪಿಷ್ಟ ಹೊಟ್ಟೆಯಲ್ಲಿ ನಿಧಾನವಾಗಿ ಗ್ಲೂಕೋಸ್ ಆಗುತ್ತದೆ, ಉಪ್ಪು ಇದ್ದೇ ಇದೆ, ಹಾಗಾಗಿ ಅವ್ವ ಹೇಳುವುದರಲ್ಲಿ ತಪ್ಪೇನಿಲ್ಲ. ಚಳಿಯಲ್ಲಿ ತಣ್ಣೀರು ಗಂಟಲಲ್ಲಿ ಇಳಿಯುವುದಿಲ್ಲ, ಬೆಚ್ಚನೆ ತಿಳಿ ಇಳಿಯುತ್ತದೆ. ಎಳನೀರೂ ಒಳ್ಳೆಯದೇ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಮ್ಮಿ, ಅದೊಂದನ್ನೇ ನೆಚ್ಚಿಕೊಳ್ಳಲು ಆಗುವುದಿಲ್ಲ.

ಕಾಫಿ ಬಿಡಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಕಾಫಿ ನಾಡಿನಲ್ಲಿ ಹುಟ್ಟಿ ಅದನ್ನು ಬಿಡುವುದು ಸುಲಭವಲ್ಲ. ಮಿತವಾಗಿ ಕುಡಿದರೆ ಕಾಫಿಯಿಂದ ಮೈ ಒಣಗುವುದಿಲ್ಲ, ಅದರಲ್ಲಿರುವ ನೀರೂ ಲೆಕ್ಕಕ್ಕೆ ಬರುತ್ತದೆ. ಆದರೆ ಅದು ಕರುಳನ್ನು ಕೆರಳಿಸುತ್ತದೆ. ಚೆನ್ನಾಗಿರುವ ದಿನ ಬೆಳಿಗ್ಗೆ ಒಂದು ಬೆಲ್ಲದ ಕಾಫಿ ಕುಡಿಯುತ್ತೇನೆ. ಕೆರಳಿದ ದಿನ ಇಲ್ಲ.

ಬಾಯಾರಿಕೆಯನ್ನು ನಾನೀಗ ನಂಬುವುದಿಲ್ಲ. ಮಳೆಯಲ್ಲಿ ಅದು ಬರುವುದೇ ಇಲ್ಲ. ಮೂತ್ರದ ಬಣ್ಣ ನೋಡುತ್ತೇನೆ. ತಿಳಿ ಹಳದಿ ಇದ್ದರೆ ಸರಿ, ಗಾಢವಾದರೆ ತಕ್ಷಣ ಕುಡಿಯುತ್ತೇನೆ. ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಆಗಸ್ಟ್ 3ರ ಸುಮಾರಿಗೆ ಬರುವ ಆ ದಿನ ಮದ್ದು ಸೊಪ್ಪಿನ ಪಾಯಸ ತಿಂದರೆ ಮೂತ್ರ ಕೆಂಪಾಗುತ್ತದೆ, ಕೊಡಗಿನವರಿಗೆಲ್ಲ ಗೊತ್ತಿರುವ ವಿಷಯ. ಅವತ್ತು ಎದ್ದು ನಿಂತಾಗ ತಲೆ ಸುತ್ತುತ್ತದಾ, ಬಾಯಿ ಅಂಟುತ್ತದಾ ಅಂತ ನೋಡಿಕೊಳ್ಳುತ್ತೇನೆ. ಆರೇಳು ಗಂಟೆ ಮೂತ್ರವೇ ಬರದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ ಮನೆಯಲ್ಲಿ ಕೂರುವುದಿಲ್ಲ. ಮಳೆಗೆ ರಸ್ತೆ ಕುಸಿಯುವ ಊರು ನಮ್ಮದು, ಬೇಗ ಹೊರಡುವುದೇ ಕ್ಷೇಮ.

ಇದೆಲ್ಲ ನನ್ನ ಕಾಯಿಲೆಯ ಲೆಕ್ಕ. ನಮ್ಮ ದೊಡ್ಡಪ್ಪನಿಗೆ ಹೃದಯದ ತೊಂದರೆ, ಅವರಿಗೆ ದಿನಕ್ಕೆ ಇಷ್ಟೇ ನೀರು ಅಂತ ಅಳತೆ ಕೊಟ್ಟಿದ್ದಾರೆ, ಉಪ್ಪೂ ಬೇಡ ಅಂದಿದ್ದಾರೆ. ಡಯಾಲಿಸಿಸ್‌ನಲ್ಲಿ ಇರುವವರಿಗೂ ಹಾಗೇ. ನನ್ನ ಓಆರ್‌ಎಸ್ ಅವರಿಗೆ ವಿಷವಾಗಬಹುದು. ನಿಮ್ಮ ಅಳತೆ ನಿಮ್ಮ ಡಾಕ್ಟರ್ ಹತ್ತಿರ ಕೇಳಿ.

ನಾನು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ಡಿಸೆಂಬರ್‌ನಿಂದ ಕೊಯ್ಲು, ಬಿಸಿಲಲ್ಲಿ ನಿಂತು ಚೀಲ ತೂಗಿ ಬರೆದುಕೊಳ್ಳಬೇಕು. ಆಗ ಗಮನಿಸಿದ್ದು, ಹಣ್ಣು ಕೊಯ್ಯಲು ಬರುವ ಹೆಂಗಸರೂ ನೀರು ಕುಡಿಯುತ್ತಿರಲಿಲ್ಲ. ಅವರಿಗೆ ಯಾವ ಕಾಯಿಲೆಯೂ ಇಲ್ಲ. ಹೋಗಲು ಜಾಗವಿಲ್ಲ, ಕೆಲಸದವರು ಇರುವ ಲೈನ್ ಮನೆಗೆ ವಾಪಸ್ ನಡೆಯಬೇಕು, ಅದಕ್ಕೆ. ನನ್ನ ವಿಷಯ ಹೇಳಿಕೊಳ್ಳಲು ನಾಚಿಕೆಯಾಗಿ ಎರಡು ವರ್ಷ ಸುಮ್ನಿದ್ದೆ. ಕಳೆದ ಕೊಯ್ಲಿಗೆ ಮುಂಚೆ ಸಾಹುಕಾರರ ಹತ್ತಿರ ಹೋಗಿ ನನ್ನ ಕಾಯಿಲೆಯನ್ನೂ ಹೇಳಿ, ಕಣದ ಹಿಂದೆ ಒಂದು ಶೌಚಾಲಯ ಬೇಕು ಅಂತ ಕೇಳಿದೆ. ತಗಡಿನದ್ದೇ, ಆದರೆ ಒಳಗೆ ನಲ್ಲಿ ಇದೆ, ಬಾಗಿಲಿಗೆ ಚಿಲಕ ಇದೆ. ಈ ಸಲ ಕೊಯ್ಲಿಗೆ ಬಂದವರ ಬುತ್ತಿ ಚೀಲದಲ್ಲೆಲ್ಲ ಒಂದೊಂದು ನೀರಿನ ಬಾಟಲಿ ಇತ್ತು.