ಥೋರಿಯಂ ತಾನೇ ಬರೆದ ಚಿತ್ರ: ಕಲಬುರಗಿಯ ಕತ್ತಲೆ ಕೋಣೆಯಲ್ಲಿ ಒಂದು ದಿನ

ಎಕ್ಸ್‌ರೇ ಫಿಲ್ಮ್ ತೊಳೆದು ಚಿತ್ರ ಮೂಡಿಸುವ ಡೆವಲಪರ್ ದ್ರಾವಣ 20 ಡಿಗ್ರಿಯಲ್ಲಿದ್ದರೆ ಹೇಳಿದ ಮಾತು ಕೇಳುತ್ತದೆ. 27 ದಾಟಿತೆಂದರೆ ಇಡೀ ಫಿಲ್ಮ್‌ಗೆ ಮಂಕು ಕವಿಯುತ್ತದೆ, ಮೇಲಿನ ಜಿಲೆಟಿನ್ ಪದರ ಮೆತ್ತಗಾಗಿ ಬೆರಳು ತಾಗಿದಲ್ಲೆಲ್ಲ ಕಿತ್ತು ಬರುತ್ತದೆ. ಕಲಬುರಗಿಯಲ್ಲಿ ಮಾರ್ಚ್ ಕಳೆದ ಮೇಲೆ ಮಾಳಿಗೆಯ ಟಾಕಿ ನೀರು ಮಧ್ಯಾಹ್ನಕ್ಕೆ ಕೈ ಸುಡುತ್ತದೆ. ಹೀಗಾಗಿ ಚಿತ್ರಕಲಾ ವಿದ್ಯಾರ್ಥಿಗಳ ಜೊತೆಗಿನ ಆ ದಿನದ ಕೆಲಸ ಶುರುವಾದದ್ದು ಹೊತ್ತು ಹುಟ್ಟುವ ಮೊದಲೇ, ಗೋಣಿಚೀಲದಲ್ಲಿ ಸುತ್ತಿ ತಂದ ಐಸ್ ಗಡ್ಡೆ ಒಡೆಯುವುದರಿಂದ.

ಅಣುಬಾಂಬು ಮತ್ತು ಅಣುವಿದ್ಯುತ್ ಬಿಟ್ಟುಹೋದದ್ದನ್ನು ಇವತ್ತಿನ ಕಲಾವಿದರು ಹೇಗೆ ಎದುರುಗೊಳ್ಳುತ್ತಿದ್ದಾರೆ ಎಂಬುದು ಶಿಬಿರದ ವಿಷಯ. ಪರದೆಯ ಮೇಲೆ ಚಿತ್ರ ತೋರಿಸಿ ಮಾತಾಡಿ ಮುಗಿಸಬಹುದಿತ್ತು. ಆದರೆ ಈ ಕಲೆಯ ಒಂದು ದೊಡ್ಡ ಭಾಗದಲ್ಲಿ ಗೆರೆ ಎಳೆಯುವುದು ಕಲಾವಿದನ ಕೈಯಲ್ಲ, ವಿಕಿರಣ ಸೂಸುವ ವಸ್ತು. ಅದು ಕೈಯಾರೆ ಮಾಡಿದವರಿಗೆ ಮಾತ್ರ ತಿಳಿಯುತ್ತದೆ. ಅದಕ್ಕೇ ಎರಡು ವಾರ ಮೊದಲೇ ಅಂಥ ವಸ್ತುವಿಗೆ ತಾಗಿಸಿ ಫಿಲ್ಮ್‌ಗಳನ್ನು ಕಟ್ಟಿ ಇಡಲಾಗಿತ್ತು. ಆ ದಿನ ಅವನ್ನು ಬಿಚ್ಚಿ ತೊಳೆಯುವುದಿತ್ತು.

ಇದರ ಹಿಂದಿರುವುದು ಶಿಂಪೇಯ್ ತಕೇಡಾ ಎಂಬ ಜಪಾನಿ ಕಲಾವಿದನ ಕೆಲಸ. ಆತ ಹುಟ್ಟಿದ್ದು ಫುಕುಶಿಮಾ ಪ್ರಾಂತದಲ್ಲಿ. 2011ರ ಮಾರ್ಚ್ 11ರ ಭೂಕಂಪ, ಸುನಾಮಿಯ ನಂತರ ಅಲ್ಲಿನ ಅಣುಸ್ಥಾವರದಿಂದ ವಿಕಿರಣ ಸೂಸುವ ಸೀಸಿಯಂ ಎಂಬ ಧಾತು ಹೊರಬಿದ್ದು ಮಣ್ಣಿಗಿಳಿಯಿತು. 2012ರಲ್ಲಿ ತಕೇಡಾ ದೇವಾಲಯ, ಹಳೆ ಕೋಟೆ, ಯುದ್ಧ ನಡೆದ ನೆಲ, ಹೀಗೆ ಸಾವು ಬದುಕಿನ ನೆನಪು ಗಟ್ಟಿಯಾಗಿರುವ ಜಾಗಗಳಿಂದ ಮಣ್ಣು ತಂದು, ಬೆಳಕು ನುಸುಳದ ಡಬ್ಬಿಯಲ್ಲಿ ಫಿಲ್ಮ್ ಹಾಳೆಯ ಜೊತೆ ಸುಮಾರು ಒಂದು ತಿಂಗಳು ಇಟ್ಟ. ಕ್ಯಾಮೆರಾ ಇಲ್ಲ, ಲೆನ್ಸ್ ಇಲ್ಲ. ನಿಹೊನ್‌ಮತ್ಸು ಕೋಟೆಯ ಮಣ್ಣಿನ ಹಾಳೆ ನೋಡಿದರೆ ಕಪ್ಪಿನ ತುಂಬ ಬಿಳಿ ಚುಕ್ಕೆ. ಮಿಕ್ಕ ಎಲ್ಲ ಹಾಳೆಯಲ್ಲೂ ಅಷ್ಟೇ ಚುಕ್ಕೆ ಇಲ್ಲ, ಕೆಲವು ಬಹುಪಾಲು ಖಾಲಿ. ಖಾಲಿಯಾದವನ್ನು ಆತ ಎಸೆಯಲಿಲ್ಲ, ಸಾಲಿನಲ್ಲೇ ಇಟ್ಟ. ಇಡೀ ಸರಣಿಯಲ್ಲಿ ನಮಗೆ ಅತಿ ಮುಖ್ಯ ಅನಿಸಿದ್ದು ಅದು.

ನಮ್ಮಲ್ಲಿ ಸೀಸಿಯಂ ಮಣ್ಣಿಲ್ಲ, ಇರುವುದೂ ಬೇಡ. ಬಳಸಿದ್ದು ಮದುವೆ ಮೆರವಣಿಗೆಯ ಗ್ಯಾಸ್‌ಬತ್ತಿಗೆ ಕಟ್ಟುವ ಹಳೆ ಮ್ಯಾಂಟಲ್, ಅಂದರೆ ಉರಿಯ ಸುತ್ತ ಬೆಳಗುವ ಬಲೆಬಟ್ಟೆಯ ಚೀಲ. ಅದು ಪ್ರಖರವಾಗಿ ಉರಿಯಲಿ ಎಂದು ಬಟ್ಟೆಗೆ ಥೋರಿಯಂ ಎಂಬ ವಿಕಿರಣ ಸೂಸುವ ಲೋಹದ ಉಪ್ಪು ಉಣಿಸಿರುತ್ತಿದ್ದರು. ಈಚಿನ ಹಲವು ಮ್ಯಾಂಟಲ್‌ಗಳಲ್ಲಿ ಥೋರಿಯಂ ಬದಲು ವಿಕಿರಣವಿಲ್ಲದ ಇಟ್ರಿಯಂ ಇರುವುದರಿಂದ, ವಿಕಿರಣ ಅಳೆಯುವ ಗೀಗರ್ ಕೌಂಟರ್ ಹತ್ತಿರ ಹಿಡಿದು ನೋಡದೆ ಆರಿಸಬಾರದು. ಹಳೆಯದಷ್ಟೂ ಚಲೋ. ಅದಿರಿನಿಂದ ಥೋರಿಯಂ ಬೇರ್ಪಡಿಸುವಾಗ ಅದರ ಸಂತತಿಯ (ಥೋರಿಯಂ ವಿಘಟಿಸಿ ಹುಟ್ಟುವ ಧಾತುಗಳ ಸಾಲಿನ) ರೇಡಿಯಂ-228 ಹಿಂದೆ ಉಳಿಯುತ್ತದೆ, ಮತ್ತೆ ತುಂಬಿಕೊಳ್ಳಲು ವರ್ಷಗಳು ಬೇಕು. ಫಿಲ್ಮ್ ಕಪ್ಪಾಗಿಸುವ ಬೀಟಾ ಕಣಗಳು, ಅಂದರೆ ವೇಗದ ಎಲೆಕ್ಟ್ರಾನುಗಳು, ಬರುವುದು ಆ ಸಂತತಿಯಿಂದಲೇ. ಆದ್ದರಿಂದ ಇಪ್ಪತ್ತು, ಮೂವತ್ತು ವರ್ಷ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಮ್ಯಾಂಟಲ್ ಗಡದ್ದಾಗಿ ಗುರುತು ಬಿಡುತ್ತದೆ. ಮ್ಯಾಂಟಲ್ ಸುಡಬಾರದು, ಕತ್ತರಿಸಬಾರದು. ಮುಟ್ಟಿದರೆ ಅಪಾಯ ಅಂತಲ್ಲ. ಬೂದಿ, ಧೂಳು ಉಸಿರಿನ ಜೊತೆ ಒಳಗೆ ಹೋದರೆ ಅಲ್ಲೇ ಕೂತು ಆಲ್ಫಾ ಎಂಬ ಭಾರದ ವಿಕಿರಣ ಕಣ ಸೂಸುತ್ತಿರುತ್ತದೆ. ಕೈಗವಸು ಹಾಕಿ, ಜಿಪ್ ಕವರ್‌ನಲ್ಲಿಟ್ಟೇ ಕೆಲಸ ಮಾಡಬೇಕು.

ಫಿಲ್ಮ್ ಹುಡುಕುವುದೇ ಈಗ ಕಷ್ಟ. ಸ್ಕ್ಯಾನಿಂಗ್ ಸೆಂಟರ್‌ಗಳೆಲ್ಲ ಡಿಜಿಟಲ್ ಆಗಿವೆ. ಅಲ್ಲಿ ಸಿಗುವ ನೀಲಿ ಹಾಳೆ ಪ್ರಿಂಟರ್‌ಗೆ ಹಾಕುವ ಒಣ ಫಿಲ್ಮ್, ಇಂಥ ಕೆಲಸಕ್ಕೆ ಬರುವುದಿಲ್ಲ. ಒಬ್ಬರು ಅದನ್ನೇ ತಂದು ಮ್ಯಾಂಟಲ್ ಅಡಿಯಲ್ಲಿಟ್ಟಿದ್ದರು, ಏನೂ ಮೂಡಲಿಲ್ಲ. ಬೇಕಾದದ್ದು ಡೆವಲಪರ್‌ನಲ್ಲಿ ತೊಳೆಯುವ ಹಸಿ ಫಿಲ್ಮ್. ಹೊಸಬರಿಗೆ ಹಲ್ಲಿನ ಡಾಕ್ಟರ್ ಬಳಸುವ ಚಿಕ್ಕ ಫಿಲ್ಮ್ ಎಲ್ಲಕ್ಕಿಂತ ಸಲೀಸು. ಬೆಳಕು ಬೀಳದ ಪೊಟ್ಟಣದಲ್ಲೇ ಬರುತ್ತದೆ. ಅದರ ಬೆನ್ನಿಗೆ ಸೀಸದ ತಗಡು ಇರುವುದರಿಂದ ಮಗ್ಗುಲು ನೋಡಿ ಇಡಬೇಕು. ತಿರುಗಿಸಿ ಇಟ್ಟರೆ ವಿಕಿರಣದ ಬಹುಪಾಲು ತಗಡಿನಲ್ಲೇ ನಿಂತು, ತಗಡಿನ ಮೇಲೊತ್ತಿದ ವಿನ್ಯಾಸ ಚಿತ್ರದಲ್ಲಿ ಬರುತ್ತದೆ.

ಕಟ್ಟಿದ ಬಗೆ ಹೀಗೆ. ಕೆಳಗೆ ಒಂದು ಶಹಾಬಾದ್ ಫರಸಿ ತುಂಡು, ಅದರ ಮೇಲೆ ತೆಳು ಸ್ಪಂಜಿನ ಹಾಳೆ, ಅದರ ಮೇಲೆ ಕಪ್ಪು ಕಾಗದದ ಲಕೋಟೆಯೊಳಗೆ ಫಿಲ್ಮ್, ಆಮೇಲೆ ಕವರ್‌ನಲ್ಲಿ ಚಪ್ಪಟೆಯಾಗಿ ಹರಡಿದ ಮ್ಯಾಂಟಲ್, ಮತ್ತೆ ಸ್ಪಂಜು, ಮೇಲೊಂದು ಫರಸಿ. ಕಪ್ಪು ಕಾಗದ ಆಲ್ಫಾ ಕಣಗಳನ್ನು ತಡೆಯುತ್ತದೆ, ಬೀಟಾ ದಾಟುತ್ತವೆ. ಫರಸಿಯ ಭಾರ ಇರದಿದ್ದರೆ ಮ್ಯಾಂಟಲ್‌ಗೂ ಫಿಲ್ಮ್‌ಗೂ ನಡುವೆ ಸಂದು ಉಳಿದು ಬೀಟಾ ಕಣಗಳು ಹರಡಿಕೊಳ್ಳುತ್ತವೆ, ಬಟ್ಟೆಯ ನೇಯ್ಗೆ ಕಾಣದೆ ಬರೀ ಕಪ್ಪು ಮಚ್ಚೆ ಉಳಿಯುತ್ತದೆ. ಸ್ಪಂಜಿಲ್ಲದೆ ಭಾರ ಹಾಕಿದರೆ ಒತ್ತಿದ ಗುರುತು ಬೀಳುತ್ತದೆ. ಎರಡು ವಾರ ಸಾಕು. ಆದರೆ ನಮ್ಮ ಬಿಸಿಲಲ್ಲಿ ಹೊರಗಿಟ್ಟರೆ ಫಿಲ್ಮ್ ತಾನಾಗಿಯೇ ಮಂಕಾಗುತ್ತದೆ, ಮೂಡಿದ್ದೂ ಮಾಸುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಗಾಳಿಯಾಡದ ಕವರ್‌ನಲ್ಲಿ ಬಿಗಿದು ಫ್ರಿಜ್‌ನಲ್ಲಿಡಬೇಕು. ತೆಗೆದ ಮೇಲೆ ಒಂದು ತಾಸು ಕವರ್ ಬಿಚ್ಚಬಾರದು. ಬಿಚ್ಚಿದರೆ ಹೊರಗಿನ ಗಾಳಿಯ ತೇವ ತಣ್ಣನೆಯ ಫಿಲ್ಮ್ ಮೇಲೆ ಹನಿಗಟ್ಟುತ್ತದೆ.

ಬೆಳಗ್ಗೆ ಮೊದಲು ನೋಡಿದ್ದು ಕೆಂಪು ದೀಪವನ್ನು. ಕೆಂಪು ಬಣ್ಣ ಬಳಿದ ಜೀರೋ ಬಲ್ಬ್ ನಂಬುವ ಹಾಗಿಲ್ಲ. ಕತ್ತಲಲ್ಲಿ ಫಿಲ್ಮ್ ತುಂಡಿನ ಮೇಲೆ ಐದು ರೂಪಾಯಿ ನಾಣ್ಯ ಇಟ್ಟು, ದೀಪ ಹಚ್ಚಿ ಐದು ನಿಮಿಷ ಬಿಟ್ಟು ತೊಳೆದರೆ ಗೊತ್ತಾಗುತ್ತದೆ. ನಾಣ್ಯದ ಸುತ್ತು ಕಾಣಿಸಿತೋ, ಆ ದೀಪ ಬೇಡ. ನಮ್ಮ ಮೊದಲ ಬಲ್ಬಿನಡಿ ನಾಣ್ಯ ಸ್ಪಷ್ಟವಾಗಿ ಮೂಡಿತು, ಹೀಗಾಗಿ ಹಾಳೆಗಳನ್ನೆಲ್ಲ ಪೂರ್ತಿ ಕತ್ತಲಲ್ಲೇ ತೊಳೆದದ್ದು.

ಐಸನ್ನು ಡೆವಲಪರ್‌ಗೇ ಹಾಕಬಾರದು, ತೆಳ್ಳಗಾಗುತ್ತದೆ. ದೊಡ್ಡ ಬೋಗುಣಿಯಲ್ಲಿ ಐಸ್ ನೀರು ತುಂಬಿ ಅದರೊಳಗೆ ಡೆವಲಪರ್ ತಟ್ಟೆ ಕೂರಿಸಬೇಕು. ಡೆವಲಪರ್‌ನಲ್ಲಿ ಐದು ನಿಮಿಷ, ತಟ್ಟೆಯ ಒಂದು ಅಂಚನ್ನು ಎತ್ತಿ ಇಳಿಸುತ್ತ. ನೀರಿನಲ್ಲಿ ಅರ್ಧ ನಿಮಿಷ. ಮೂಡಿದ ಚಿತ್ರವನ್ನು ನಿಲ್ಲಿಸುವ ಫಿಕ್ಸರ್‌ನಲ್ಲಿ ಹತ್ತು ನಿಮಿಷ. ಆಮೇಲೆ ಅರ್ಧ ತಾಸು ಹರಿಯುವ ನೀರು. ಬಹಳ ಮಂದಿ ಎಡವುವುದು ಈ ಕೊನೆಯ ಹಂತದಲ್ಲಿ. ಡೆವಲಪರ್ ತಣ್ಣಗಿರುತ್ತದೆ, ನಲ್ಲಿ ನೀರು ಕಾದಿರುತ್ತದೆ. ಒಮ್ಮೆಲೇ ಬದಲಾದರೆ ಜಿಲೆಟಿನ್ ಹಿಗ್ಗಿ, ಬತ್ತಿದ ಕೆರೆಯಂಗಳದ ಹಾಗೆ ಬಿರುಕು ಬಿಡುತ್ತದೆ. ತೊಳೆಯುವ ನೀರನ್ನೂ ತಣಿಸಿಯೇ ಬಿಡಬೇಕು. ಇಲ್ಲಿನ ಬೋರಿನ ನೀರು ಗಡಸು, ಒಣಗಿದಾಗ ಬಿಳಿ ಕಲೆ ಬಿಡುತ್ತದೆ. ಕೊನೆಯ ಅದ್ದು ಡಿಸ್ಟಿಲ್ಡ್ ನೀರಿನಲ್ಲಿ, ಒಂದೇ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ.

ದೀಪ ಹಾಕಿದಾಗ ಮೊದಲ ಹಾಳೆಯಲ್ಲಿ ಮ್ಯಾಂಟಲ್‌ನ ಎಳೆ ಎಳೆಯೂ ಕಂಡಿತು. ಬಾಯಿ ಬಿಗಿಯುವ ದಾರದ ಹತ್ತಿರ ಬಟ್ಟೆ ನೆರಿಗೆಯಾಗಿ ಮೂರ್ನಾಲ್ಕು ಪದರ ಕೂಡುವುದರಿಂದ ಅಲ್ಲಿ ಕಡುಕಪ್ಪು. ಅಂಚಿಗೆ ಬಂದಂತೆ ಒಂದೊಂದೇ ನೂಲು ಬಿಡಿಯಾಗಿ ಬೂದು. ಇದನ್ನು ಪೋಟೋ ಕಾಗದದ ಮೇಲೆ ಅಚ್ಚು ತೆಗೆದರೆ ಕಪ್ಪು ಬಿಳಿ ಅದಲುಬದಲಾಗುತ್ತದೆ, ತಕೇಡಾನ ಹಾಳೆಗಳಲ್ಲಿ ಚುಕ್ಕೆ ಬೆಳ್ಳಗಿರುವುದು ಅದಕ್ಕೇ.

ಇನ್ನೊಂದು ಹಾಳೆಯಲ್ಲಿ ಕವಲೊಡೆದ ಮಿಂಚಿನಂಥ ಗೆರೆಗಳು. ಎಲ್ಲರೂ ಅದರ ಸುತ್ತ ಮುತ್ತಿಕೊಂಡರು, ಚಂದವೂ ಇತ್ತು. ಆದರೆ ಅದು ಥೋರಿಯಂ ಬರೆದದ್ದಲ್ಲ. ಒಣ ಹವೆಯಲ್ಲಿ ಲಕೋಟೆಯಿಂದ ಫಿಲ್ಮ್ ಸರ್ರನೆ ಎಳೆದಾಗ ಹಾರಿದ ಸ್ಥಿರವಿದ್ಯುತ್ತಿನ ಕಿಡಿ.

ಆ ದಿನ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಬಿದರಿ ತುಂಡು. ಬೀದರಿನಿಂದ ಬಂದ ಒಬ್ಬ ವಿದ್ಯಾರ್ಥಿ ಇನ್ನೂ ಕಪ್ಪು ಮಾಡದ, ಆಗಷ್ಟೇ ಉಜ್ಜಿದ ಬಿದರಿ ಎರಕದ ಬಿಲ್ಲೆಯೊಂದನ್ನು ಲಕೋಟೆ ಇಲ್ಲದೆ ನೇರವಾಗಿ ಫಿಲ್ಮ್ ಮೇಲಿಟ್ಟು ಕಟ್ಟಿದ್ದ. ಫಿಲ್ಮ್ ತೊಳೆದಾಗ ಬಿಲ್ಲೆಯ ಆಕಾರದಲ್ಲಿ ಮಸುಕು ಕಪ್ಪು. ಬಿದರಿಯಲ್ಲಿ ವಿಕಿರಣವೇ? ಅಲ್ಲ. ಬಿದರಿ ಲೋಹದ ಬಹುಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ. ಹೊಸದಾಗಿ ಉಜ್ಜಿದ ಸತು ತೇವದ ಗಾಳಿಯಲ್ಲಿ ಚೂರುಪಾರು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ, ಅದು ಕತ್ತಲಲ್ಲೂ ಫಿಲ್ಮ್ ಕಪ್ಪು ಮಾಡುತ್ತದೆ. ಫ್ರೆಂಚ್ ವಿಜ್ಞಾನಿ ಬೆಕೆರೆಲ್ 1896ರಲ್ಲಿ ಯುರೇನಿಯಂ ಉಪ್ಪಿನಿಂದ ಪೋಟೋ ಪ್ಲೇಟ್ ಕಪ್ಪಾದದ್ದನ್ನು ಕಂಡ ಕೆಲವೇ ವರ್ಷಗಳಲ್ಲಿ ರಸೆಲ್ ಎಂಬ ಇಂಗ್ಲಿಷ್ ರಸಾಯನಶಾಸ್ತ್ರಜ್ಞ ಈ ಸತುವಿನ ಆಟವನ್ನು ಬಿಡಿಸಿ ತೋರಿಸಿದ್ದ. ನಡುವೆ ಪ್ಲಾಸ್ಟಿಕ್ ಇಟ್ಟು ಕಟ್ಟಿದ್ದ ಇನ್ನೊಂದು ಹಾಳೆಯಲ್ಲಿ ಅದೇ ಬಿಲ್ಲೆ ಏನೂ ಮೂಡಿಸಿರಲಿಲ್ಲ. ಆ ಎರಡನೇ ಹಾಳೆ ಇರದಿದ್ದರೆ ಮೊದಲನೆಯದು ಸುಳ್ಳು ಸಾಕ್ಷಿಯಾಗುತ್ತಿತ್ತು.

ಹಾಗಾಗಿ ಇಂಥ ಕಲೆಯಲ್ಲಿ ಹೋಲಿಕೆಯ ಹಾಳೆ ಇಲ್ಲದೆ ಯಾವುದನ್ನೂ ಗೋಡೆಗೆ ಹಾಕಬಾರದು ಎಂಬುದು ನಮ್ಮ ಖಚಿತ ಮಾತು. ಥೋರಿಯಂ ಮ್ಯಾಂಟಲ್‌ನ ಪಕ್ಕದಲ್ಲಿ ಇಟ್ರಿಯಂ ಮ್ಯಾಂಟಲ್‌ನ ಖಾಲಿ ಹಾಳೆ, ಅದರ ಪಕ್ಕ ಬರೀ ಫರಸಿಯ ನಡುವೆ ಇಟ್ಟ ಹಾಳೆ. ಮೂರೂ ಒಂದೇ ಅಳತೆಯಲ್ಲಿ, ಒಂದೇ ಚೌಕಟ್ಟಿನಲ್ಲಿ.

ಮಧ್ಯಾಹ್ನದ ಮಾತು ಗೋಗಿಯ ಕಡೆ ಹೊರಳಿತು, ಹೊರಳಲೇಬೇಕಿತ್ತು. ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ, ಭೀಮಾ ಪ್ರದೇಶದ ಸುಣ್ಣಕಲ್ಲು ಮತ್ತು ಅದರಡಿಯ ಗ್ರಾನೈಟ್ ಬಿರುಕಿನ ಗುಂಟ ಯುರೇನಿಯಂ ಇದೆ. ನಮ್ಮ ಫರಸಿಯೂ ಅದೇ ಭೀಮಾ ಸುಣ್ಣಕಲ್ಲೇ, ಆದರೆ ಅದರಡಿಯ ಫಿಲ್ಮ್ ಖಾಲಿ. ಗೋಗಿಯಲ್ಲಿ ಅಣು ಖನಿಜ ನಿರ್ದೇಶನಾಲಯ ಶೋಧ ನಡೆಸಿದೆ, ಗಣಿ ಬೇಡವೆಂದು ಊರವರು ಹೋರಾಡಿದ್ದಾರೆ. ಶಹಾಪುರ ಕಡೆಯ ಹುಡುಗಿಯೊಬ್ಬಳು ಕೇಳಿದಳು: “ಸರ್, ನಮ್ಮೂರ ಬೋರಿನ ನೀರ ಬಟ್ಟಲದಾಗ ಹಾಕಿ ಫಿಲಂ ಮ್ಯಾಲ ಇಟ್ರ ಏನಾರ ಮೂಡ್ತದೇನ್ರೀ?”

“ಮೂಡಂಗಿಲ್ಲವ್ವಾ. ಆದ್ರ ಮೂಡಲಿಲ್ಲಂತ ನೀರ ಚಲೋ ಅದ ಅಂತ ತಿಳಕೋಬ್ಯಾಡ.”

ಲೆಕ್ಕ ಹಾಕಿ ತೋರಿಸಬೇಕಾಯಿತು. ಒಂದು ಮ್ಯಾಂಟಲ್‌ನಲ್ಲಿ ಕಾಲು ಗ್ರಾಂ ಥೋರಿಯಂ ಇದ್ದರೆ ಥೋರಿಯಂ-232ರದ್ದೇ ಸೆಕೆಂಡಿಗೆ ಸುಮಾರು 1000 ವಿಘಟನೆ, ಅಂದರೆ ಅಷ್ಟು ಪರಮಾಣು ಒಡೆದು ವಿಕಿರಣ ಸೂಸುತ್ತವೆ. ಲೀಟರಿಗೆ 30 ಮೈಕ್ರೋಗ್ರಾಂ ಯುರೇನಿಯಂ ಇರುವ ನೀರಿನಲ್ಲಿ, ಅಂದರೆ ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಸೂಚಿಸಿದ ಮಿತಿಯಲ್ಲಿ, ಒಂದು ಲೀಟರಿಗೆ ಯುರೇನಿಯಂ-238ರ ವಿಘಟನೆ ಮೂರು ಸೆಕೆಂಡಿಗೆ ಹತ್ತಿರಹತ್ತಿರ ಒಂದು. ಅದೂ ಆಲ್ಫಾ, ನೀರೇ ಅದನ್ನು ನುಂಗುತ್ತದೆ. ಮಿತಿಯ ಹತ್ತು ಪಟ್ಟು ಇದ್ದರೂ ಫಿಲ್ಮ್ ಖಾಲಿಯೇ. ನೀರಿನ ಯುರೇನಿಯಂನಿಂದ ಮೊದಲ ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ, ಅದೂ ವಿಕಿರಣದಿಂದಲ್ಲ, ಭಾರಲೋಹದ ವಿಷದಿಂದ. ಅದನ್ನು ಹೇಳಬೇಕಾದದ್ದು ಪ್ರಯೋಗಾಲಯದ ನೀರಿನ ಪರೀಕ್ಷೆ. ಖಾಲಿ ಫಿಲ್ಮ್‌ಗೆ “ಗೋಗಿಯ ನೀರು” ಎಂದು ಹೆಸರು ಬರೆದು ತೂಗುಹಾಕಿದರೆ ಅದನ್ನು ನೋಡಿದವರು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾರೆ. ಅಂಥ ಚಿತ್ರ ಮಾಡದಿರುವುದೇ ಲೇಸು. ಅದಿರಿನ ಕಲ್ಲು ತರುತ್ತೇವೆ ಎಂದವರಿಗೂ ಬೇಡವೆಂದೆವು. ಯುರೇನಿಯಂ ಅದಿರು ಅಣುಶಕ್ತಿ ಕಾನೂನಿನಡಿ ಬರುತ್ತದೆ, ಕಿಸೆಯಲ್ಲಿ ಹಾಕಿಕೊಂಡು ತಿರುಗುವ ಮಾಲಲ್ಲ.

ಹಾಗಾದರೆ ಗೋಗಿಯಂಥ ಊರಿನ ಬಗ್ಗೆ ಕಲಾವಿದರು ಕೈಕಟ್ಟಿ ಕೂರಬೇಕೆಂದಲ್ಲ. ಆಸ್ಟ್ರೇಲಿಯಾದ ಮರಲಿಂಗಾದಲ್ಲಿ ಬ್ರಿಟಿಷರು ಬಾಂಬು ಪರೀಕ್ಷಿಸಿದಾಗ ಮರಳು ಕರಗಿ ಗಾಜಾಯಿತು. ಅಲ್ಲಿನ ಮೂಲನಿವಾಸಿ ಸಮುದಾಯದ ಕಲಾವಿದೆ ಯಾನಿ ಸ್ಕಾರ್ಸ್ 2015ರಲ್ಲಿ ಊದಿದ ಗಾಜಿನಲ್ಲಿ 2000 ಕಾಡುಗೆಣಸು ಮಾಡಿ ಮಳೆ ಸುರಿದಂತೆ ತೂಗುಬಿಟ್ಟಳು. ಅದರಲ್ಲಿ ವಿಕಿರಣ ಒಂದಿಷ್ಟೂ ಇಲ್ಲ, ಆದರೂ ನೆಲಕ್ಕೂ ಗಾಜಿಗೂ ಇರುವ ನಂಟು ನಿಜ. ನಮ್ಮಲ್ಲಿ ನಳಿನಿ ಮಲಾನಿ 1998ರ ಪೋಖ್ರಾನ್ ಪರೀಕ್ಷೆಗಳ ನಂತರ ತಗಡಿನ ಟ್ರಂಕುಗಳೊಳಗೆ ಟಿವಿ ಇಟ್ಟು ಹಿರೋಷಿಮಾ, ನಾಗಾಸಾಕಿಯ ದೃಶ್ಯಗಳನ್ನು ದೇಶವಿಭಜನೆಯ ನೆನಪಿನ ಜೊತೆ ಕೂಡಿಸಿದರು. ಟ್ರಂಕು ಊರು ಬಿಟ್ಟು ಹೊರಟವರ ಸಾಮಾನು, ಬೇರೆ ವಿವರಣೆ ಬೇಕಿಲ್ಲ. ಕೆನ್ ಮತ್ತು ಜೂಲಿಯಾ ಯೋನೆತಾನಿ ಅಣುವಿದ್ಯುತ್ ಇರುವ ಒಂದೊಂದು ದೇಶಕ್ಕೆ ಒಂದೊಂದರಂತೆ ಯುರೇನಿಯಂ ಗಾಜಿನ ತೂಗುದೀಪ ಮಾಡಿದರು, ಅವು ನೇರಳಾತೀತ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತವೆ. ಆ ಹೊಳಪು ವಿಕಿರಣ ಅಲ್ಲ ಎಂಬುದನ್ನು ಮಾತ್ರ ನೋಡುಗರಿಗೆ ಬಿಡಿಸಿ ಹೇಳಬೇಕು. ನೇರಳಾತೀತ ದೀಪ ಆರಿಸಿದರೆ ಹಸಿರು ಆರುತ್ತದೆ, ಯುರೇನಿಯಂ ತನ್ನ ಪಾಡಿಗೆ ವಿಘಟಿಸುತ್ತಲೇ ಇರುತ್ತದೆ.

ಸಂಜೆ ಉಳಿದದ್ದು ಚೀಟಿ ಬರೆಯುವ ಕೆಲಸ. ಪ್ರತಿ ಹಾಳೆಯ ಕೆಳಗೂ ಮೂಲವಸ್ತು ಯಾವುದು, ಫಿಲ್ಮ್ ಯಾವುದು, ಎಷ್ಟು ದಿನ ಇಟ್ಟದ್ದು, ನಡುವೆ ಏನಿತ್ತು, ಡೆವಲಪರ್ ಎಷ್ಟು ಡಿಗ್ರಿ, ಹೋಲಿಕೆಯ ಹಾಳೆಯಲ್ಲಿ ಏನು ಕಂಡಿತು ಎಂದು ಬರೆಯಲೇಬೇಕೆಂದು ಹೇಳಿದೆವು. ಕಿಡಿಯ ಹಾಳೆಗೂ ಬಿದರಿ ಹಾಳೆಗೂ ಅದೇ ನಿಯಮ. ಬಳಸಿದ ಫಿಕ್ಸರ್‌ನಲ್ಲಿ ಬೆಳ್ಳಿ ಕರಗಿರುವುದರಿಂದ ಅದನ್ನು ಮೋರಿಗೆ ಚೆಲ್ಲದೆ ಕ್ಯಾನ್‌ಗೆ ತುಂಬಿ, ಹಳೆ ಎಕ್ಸ್‌ರೇ ಫಿಲ್ಮ್‌ನಿಂದ ಬೆಳ್ಳಿ ತೆಗೆಯುವವರಿಗೆ ಕೊಡಲು ಇಟ್ಟದ್ದಾಯಿತು. ಮ್ಯಾಂಟಲ್‌ಗಳು ಜಿಪ್ ಕವರ್ ಸಮೇತ ಡಬ್ಬಿಗೆ ಹೋದವು, ಮೇಲೆ “ಥೋರಿಯಂ, ಸುಡಬೇಡಿ” ಎಂದು ಬರೆದು. ಪೊಟ್ಯಾಶ್ ಗೊಬ್ಬರದಲ್ಲಿ ಸಹಜವಾಗಿಯೇ ಇದ್ದು ವಿಕಿರಣ ಸೂಸುವ ಪೊಟ್ಯಾಸಿಯಂ-40 ಗುರುತು ಬಿಡುತ್ತದೋ ನೋಡಲು ಒಂದು ಹಾಳೆ ಇನ್ನೂ ಫ್ರಿಜ್‌ನಲ್ಲೇ ಇದೆ. ಅದು ತೀರ ಮಂದ, ತಿಂಗಳುಗಟ್ಟಲೆ ಬೇಕು, ದೀಪಾವಳಿ ಕಳೆದ ಮೇಲೆ ತೆಗೆಯುವುದು.