ಕೊರ್ಫು ಪಟ್ಟಣ: ಬಸ್ಸು ಎಲ್ಲಿಯವರೆಗೆ, ಕಾಲ್ನಡಿಗೆ ಎಲ್ಲಿಂದ

ಗ್ರೀಸಿನ ವಾಯವ್ಯ ಮೂಲೆಯಲ್ಲಿ, ಅಯೋನಿಯನ್ ಸಮುದ್ರದ ಕೊರ್ಫು ದ್ವೀಪಕ್ಕೆ ಬರುವವರಲ್ಲಿ ತುಂಬಾ ಜನರ ಕೈಯಲ್ಲಿ ಇರುವುದು ಒಂದೇ ಹಗಲು. ಬೆಳಿಗ್ಗೆ ಕ್ರೂಸ್ ಹಡಗಿನಿಂದ ಇಳಿದು ಸಂಜೆ ಮತ್ತೆ ಹತ್ತಬೇಕು. ಬಂದರಿನ ಹತ್ತಿರವೇ ತೆರೆದ ಮಹಡಿಯ ಹಾಪ್ ಆನ್ ಹಾಪ್ ಆಫ್ ಬಸ್ಸು, ಅಂದರೆ ಒಂದೇ ಟಿಕೆಟಿನಲ್ಲಿ ಬೇಕಾದ ಸ್ಟಾಪಿನಲ್ಲಿ ಇಳಿದು ಮತ್ತೆ ಹತ್ತಬಹುದಾದ ಬಸ್ಸು, ನಿಂತಿರುತ್ತದೆ. ಹತ್ತಬಹುದೇ ಎಂದು ಕೇಳಿದರೆ, ಧಾರಾಳವಾಗಿ ಹತ್ತಿ. ಆದರೆ ಅದು ಹಳೇ ಊರು ತೋರಿಸುವ ಬಸ್ಸಲ್ಲ. ಊರಿನ ದಕ್ಷಿಣಕ್ಕೆ ಚಾಚಿಕೊಂಡಿರುವ ಪರ್ಯಾಯ ದ್ವೀಪಕ್ಕೆ, ಕಾನೋನಿ ತುದಿಯವರೆಗೆ, ಬಿಸಿಲಲ್ಲಿ ನಡೆಯದೆ ಹೋಗಿ ಬರಲು ಇರುವ ಸುಲಭದ ದಾರಿ ಅದು. ಇಷ್ಟು ತಿಳಿದುಕೊಂಡು ಹತ್ತಿದರೆ ಕೊಟ್ಟ ದುಡ್ಡು ಸಾರ್ಥಕ.

ಹಳೇ ಊರಿನೊಳಗೆ ಬಸ್ಸು ಬರುವುದಿಲ್ಲ, ಬರಲಿಕ್ಕೆ ಸಾಧ್ಯವೂ ಇಲ್ಲ. 1386ರಿಂದ 1797ರವರೆಗೆ ಇದು ವೆನಿಸ್‌ನವರ ಕೈಯಲ್ಲಿದ್ದ ಕೋಟೆಯೂರು. ಗೋಡೆಯೊಳಗೆ ಜಾಗ ಇರಲಿಲ್ಲ, ಹಾಗಾಗಿ ಮನೆಗಳು ಮೇಲಕ್ಕೆ ಬೆಳೆದವು. ಐದಾರು ಅಂತಸ್ತಿನ ಮನೆಗಳ ನಡುವೆ ಉಳಿದದ್ದು ಕಾಂಟೂನಿಯಾ ಎಂದು ಇಲ್ಲಿಯವರು ಕರೆಯುವ ಓಣಿಗಳು. ಕೆಲವು ಓಣಿಗಳಲ್ಲಿ ಎರಡೂ ಕೈ ಚಾಚಿದರೆ ಗೋಡೆ ತಗಲುತ್ತದೆ. ಮೇಲೆ ಒಣಗಲು ಹಾಕಿದ ಬಟ್ಟೆ, ಕೆಳಗೆ ನುಣ್ಣಗೆ ಸವೆದ ಕಲ್ಲು. 2007ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಈ ಹಳೇ ಊರನ್ನೇ. ಬಸ್ಸು ಇದರ ಅಂಚಿನಲ್ಲಿ, ಸಮುದ್ರದ ಬದಿಯ ರಸ್ತೆಯಲ್ಲಿ ಹಾದುಹೋಗುತ್ತದೆ. ಒಂದು ಸುತ್ತು ಪೂರ್ತಿ ಬಸ್ಸಲ್ಲೇ ಕೂತು ಬಂದವರು ಕೊರ್ಫುವಿನ ಗೋಡೆಗಳನ್ನು ನೋಡಿರುತ್ತಾರೆಯೇ ಹೊರತು ಊರನ್ನಲ್ಲ.

ದಾರಿ ಸ್ಥೂಲವಾಗಿ ಹೀಗೆ: ಹೊಸ ಬಂದರು, ಹಳೇ ಬಂದರು, ಹಳೇ ಕೋಟೆಯ ಎದುರಿನ ಸ್ಪಿಯಾನಾದಾ ಮೈದಾನ, ಗರಿತ್ಸಾ ಕೊಲ್ಲಿಯ ದಂಡೆ, ಮೊನ್ ರೆಪೊ, ಕಾನೋನಿ, ಅಲ್ಲಿಂದ ವಾಪಸ್ಸು. ಸ್ಟಾಪುಗಳು ವರ್ಷದಿಂದ ವರ್ಷಕ್ಕೆ ಅಲ್ಲಿ ಇಲ್ಲಿ ಬದಲಾಗುತ್ತವೆ. ಆದ್ದರಿಂದ ಟಿಕೆಟ್ ಜೊತೆ ಕೊಡುವ ನಕ್ಷೆಯನ್ನು ಜೇಬಿಗೆ ತುರುಕುವ ಮೊದಲು ಒಂದು ಫೋಟೋ ತೆಗೆದುಕೊಳ್ಳಿ. ಅದರಲ್ಲಿ ನೋಡಬೇಕಾದದ್ದು ಮೂರು ಸಂಗತಿ: ಎಷ್ಟು ನಿಮಿಷಕ್ಕೊಂದು ಬಸ್ಸು, ಕೊನೆಯ ಬಸ್ಸು ಎಷ್ಟಕ್ಕೆ, ಬಸ್ಸು ಒಂದೇ ದಿಕ್ಕಿನಲ್ಲಿ ಸುತ್ತುತ್ತದೆಯೋ ಬಂದ ದಾರಿಯಲ್ಲೇ ಮರಳುತ್ತದೆಯೋ.

ನಮ್ಮವರು ಎಡವುವುದು ಮೂರನೆಯದರಲ್ಲಿ. ಗ್ರೀಸಿನಲ್ಲಿ ವಾಹನಗಳು ರಸ್ತೆಯ ಬಲಗಡೆ ಓಡುತ್ತವೆ, ಬಸ್ಸಿನ ಬಾಗಿಲೂ ಬಲಕ್ಕೇ. ಭಾರತದಲ್ಲಿ ಎಡಗಡೆ ನಿಂತು ಅಭ್ಯಾಸವಾದವರು ಇಲ್ಲಿ ತಪ್ಪು ಬದಿಯಲ್ಲಿ ಕಾಯುತ್ತಾರೆ, ಬಸ್ಸು ಎದುರಿನಿಂದಲೇ ಹೋಗಿಬಿಡುತ್ತದೆ. ನೀವು ಯಾವ ಕಡೆ ಹೋಗಬೇಕೋ ಆ ದಿಕ್ಕಿಗೆ ಮುಖ ಮಾಡಿ ನಿಂತರೆ ರಸ್ತೆ ನಿಮ್ಮ ಎಡಕ್ಕೆ ಇರಬೇಕು. ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಬೇಕು, ಮಕ್ಕಳು ಜೊತೆಗಿದ್ದರೆ ಇದನ್ನು ಮೊದಲೇ ಹೇಳಿಕೊಡಿ. ಬಸ್ಸು ಒಂದೇ ದಿಕ್ಕಿನಲ್ಲಿ ಸುತ್ತುವುದಾದರೆ ಇನ್ನೊಂದು ಮಾತು: ಒಂದು ಸ್ಟಾಪು ಮುಂದೆ ಹೋಗಿಬಿಟ್ಟರೆ ಹಿಂದಕ್ಕೆ ಬರಲು ಇಡೀ ಸುತ್ತು ಹಾಕಬೇಕು. ಆಗ ಇಳಿದು ನಡೆಯುವುದೇ ವಾಸಿ.

ಟಿಕೆಟ್ ಕೊಳ್ಳುವಾಗ ‘ಒಂದು ದಿನ’ ಎಂದಿದೆಯೋ ‘24 ಗಂಟೆ’ ಎಂದಿದೆಯೋ ಓದಿ. ಒಂದು ದಿನ ಎಂದರೆ ಆವತ್ತಿನ ಕೊನೆಯ ಬಸ್ಸಿಗೆ ಮುಗಿಯಿತು. 24 ಗಂಟೆ ಎಂದರೆ ಮೊದಲ ಸಲ ಸ್ಕ್ಯಾನ್ ಮಾಡಿದ ಹೊತ್ತಿನಿಂದ ಲೆಕ್ಕ. ರಾತ್ರಿ ಊರಲ್ಲೇ ಉಳಿಯುವವರು ಈ ಎರಡನೆಯದನ್ನು ಮಧ್ಯಾಹ್ನ ಎರಡು ಗಂಟೆಗೆ ಶುರು ಮಾಡಿದರೆ ಒಂದು ಸಂಜೆ, ಮರುದಿನದ ಒಂದು ಬೆಳಿಗ್ಗೆ, ಎರಡೂ ಸಿಗುತ್ತವೆ. ಆನ್‌ಲೈನಿನಲ್ಲಿ ಕೊಂಡ ಟಿಕೆಟನ್ನು ಸ್ಕ್ರೀನ್‌ಶಾಟ್ ಮಾಡಿಟ್ಟುಕೊಳ್ಳಿ. ಬಂದರಿನಲ್ಲಿ ಹಡಗಿನ ವೈಫೈ ಬಿಟ್ಟು ಹೊರಬಂದ ಮೇಲೆ ರೋಮಿಂಗ್ ಇಲ್ಲದ ಫೋನಿನಲ್ಲಿ ಇಮೇಲ್ ತೆರೆಯುವುದಿಲ್ಲ.

ಸೀಟಿನ ಪಕ್ಕದ ಆಡಿಯೋ ಗೈಡ್ ಪೆಟ್ಟಿಗೆಗೆ ಚುಚ್ಚುವುದು ಹಳೇ ನಮೂನೆಯ 3.5 ಮಿಲಿಮೀಟರ್ ಪಿನ್. ಬಸ್ಸಿನಲ್ಲಿ ಕೊಡುವ ಇಯರ್‌ಫೋನಿನಲ್ಲಿ ಗಾಳಿಯ ಸದ್ದೇ ಹೆಚ್ಚು ಕೇಳುತ್ತದೆ, ಕಿವಿಯೊಳಗೆ ಕೂರುವಂಥದ್ದನ್ನು ಮನೆಯಿಂದಲೇ ಒಯ್ಯಿರಿ. ದನಿ ಬರದಿದ್ದರೆ ಪಿನ್ನನ್ನು ಪೂರ್ತಿ ಒತ್ತಿ, ಆಮೇಲೆ ಅರ್ಧ ಮಿಲಿಮೀಟರ್ ಹಿಂದಕ್ಕೆ ಎಳೆದು ನೋಡಿ. ದಿನಕ್ಕೆ ನೂರು ಸಲ ಚುಚ್ಚಿ ಕಿತ್ತು ತೂತು ಸಡಿಲವಾಗಿರುತ್ತದೆ. ಆಗಲೂ ಬಾರದಿದ್ದರೆ ಪಕ್ಕದ ಸೀಟಿಗೆ ಸರಿಯಿರಿ. ಬಂದರಿನಿಂದ ದಕ್ಷಿಣಕ್ಕೆ ಹೋಗುವಾಗ ಸಮುದ್ರ ಎಡಗಡೆ. ಗರಿತ್ಸಾ ಕೊಲ್ಲಿಯ ಮೇಲಿಂದ ಹಳೇ ಕೋಟೆ ಇಡಿಯಾಗಿ ಕಾಣುವುದೂ ಆ ಕಡೆಯಿಂದಲೇ, ಅದೂ ಹಿಂದಿರುಗಿ ನೋಡಿದರೆ. ಮೇಲಿನ ಮಹಡಿಯಲ್ಲಿ ಎದ್ದು ನಿಂತು ಫೋಟೋ ತೆಗೆಯಬೇಡಿ. ರಸ್ತೆಬದಿಯ ಮರದ ಕೊಂಬೆಗಳು ತಲೆಯ ಮಟ್ಟಕ್ಕೇ ಬರುತ್ತವೆ, ಚಾಲಕ ಕೂಗಿ ಹೇಳುವಷ್ಟರಲ್ಲಿ ಬಡಿದಿರುತ್ತದೆ. ಟೋಪಿಗೆ ದಾರ ಇರಲಿ.

ಈಗ ಮುಖ್ಯ ಮಾತಿಗೆ ಬರೋಣ. ಮೊದಲ ಸ್ಟಾಪಿನಲ್ಲೇ ಇಳಿಯಬೇಡಿ. ನೇರವಾಗಿ ಕಾನೋನಿಗೆ ಹೋಗಿ, ಅಲ್ಲಿಂದ ಒಂದೊಂದೇ ಜಾಗ ನೋಡುತ್ತಾ ಊರಿನ ಕಡೆಗೆ ಬನ್ನಿ. ಇದಕ್ಕೆ ಕಾರಣ ಎರಡು. ಒಂದು, ಬೆಳಿಗ್ಗೆ ಹತ್ತೂವರೆಯ ನಂತರ ಪ್ಯಾಕೇಜ್ ಟೂರಿನ ಬಸ್ಸುಗಳು ಕಾನೋನಿಯ ಇಕ್ಕಟ್ಟಾದ ತಿರುವಿಗೆ ಸಾಲಾಗಿ ಬಂದು ನಿಲ್ಲುತ್ತವೆ. ಎರಡು, ಬಸ್ಸು ಕೈಕೊಟ್ಟರೂ ಹೊತ್ತು ಕಳೆದಂತೆ ನೀವು ಹಡಗಿಗೆ ಹತ್ತಿರವಾಗುತ್ತಲೇ ಇರುತ್ತೀರಿ. ಮೊದಲು ಊರು, ಕೊನೆಗೆ ಕಾನೋನಿ ಎಂದು ಇಟ್ಟುಕೊಂಡವರೇ ಸಂಜೆ ಟ್ಯಾಕ್ಸಿಗೆ ಪರದಾಡುವುದು.

ಕಾನೋನಿ ಎಂಬ ಹೆಸರು ಫ್ರೆಂಚರು ಅಲ್ಲಿ ಇಟ್ಟ ಫಿರಂಗಿಯಿಂದ ಬಂದದ್ದು. ಗುಡ್ಡದ ಅಂಚಿನಲ್ಲಿ ನಿಂತರೆ ಕೆಳಗೆ, ಕಿರಿದಾದ ಕಟ್ಟೆಯ ತುದಿಯಲ್ಲಿ, ಬಿಳಿ ವ್ಲಾಹೆರ್ನಾ ಮಠ. ಅದರಾಚೆ ಸೈಪ್ರೆಸ್ ಮರಗಳನ್ನು ಹೊತ್ತ ಪೊಂಟಿಕೊನಿಸಿ, ಅಂದರೆ ಇಲಿ ದ್ವೀಪ. ಗ್ರೀಕ್ ಪುರಾಣದ ವೀರ ಒಡಿಸ್ಸಿಯಸನನ್ನು ಅವನ ಊರಿಗೆ ಬಿಟ್ಟು ಬಂದ ಹಡಗನ್ನು ಸಮುದ್ರದೇವತೆ ಕಲ್ಲಾಗಿಸಿದ್ದು ಇದೇ ಎಂದು ಇಲ್ಲಿಯವರ ನಂಬಿಕೆ. ಮೇಲೆ ನಿಂತು ಫೋಟೋ ತೆಗೆದು ವಾಪಸ್ಸಾಗುವವರೇ ಬಹಳ. ಮೆಟ್ಟಿಲಿಳಿದು ಹೋಗಿ. ಮಠದ ಪಕ್ಕದಿಂದ ಸಣ್ಣ ದೋಣಿಗಳು ಕೆಲವೇ ನಿಮಿಷದಲ್ಲಿ ದ್ವೀಪಕ್ಕೆ ಬಿಡುತ್ತವೆ, ಅಲ್ಲಿ ಮರಗಳ ನಡುವೆ ಒಂದು ಪುಟ್ಟ ಬೈಜಾಂಟೈನ್ ಚರ್ಚಿದೆ. ಹತ್ತುವ ಮೊದಲು ಹೋಗಿಬರುವ ದರವೋ ಒಂದೇ ಕಡೆಯದೋ ಕೇಳಿಕೊಳ್ಳಿ.

ಮಠದ ಬಲಕ್ಕೆ, ನೀರಿನ ಮಟ್ಟದಿಂದ ಸ್ವಲ್ಪವೇ ಎತ್ತರದಲ್ಲಿ, ಎದುರು ದಡದ ಪೆರಾಮಾಕ್ಕೆ ಹೋಗುವ ಉದ್ದನೆಯ ಕಾಲುದಾರಿಯಿದೆ. ಅದರ ಪಕ್ಕದಲ್ಲೇ ವಿಮಾನ ನಿಲ್ದಾಣದ ರನ್‌ವೇ ಮುಗಿಯುತ್ತದೆ. ಹಾಲಿಕಿಯೊಪುಲು ಎಂಬ ಹಿನ್ನೀರಿನ ನಡುವೆ ಕಟ್ಟಿದ ರನ್‌ವೇ ಅದು. ಗಾಳಿ ಅನುಕೂಲವಿದ್ದು ವಿಮಾನಗಳು ದಕ್ಷಿಣದಿಂದ ಇಳಿಯುವ ದಿನ ಕಾಲುದಾರಿಯ ಮೇಲೆ ನಿಂತವರಿಗೆ ಚಕ್ರಗಳ ಟೈರು ಎಣಿಸುವಷ್ಟು ಹತ್ತಿರ ಕಾಣುತ್ತದೆ. ಗುಡ್ಡದ ಮೇಲಿನ ಹೋಟೆಲಿನಿಂದ ನೋಡಿದರೆ ವಿಮಾನ ಕಣ್ಣಿನ ಮಟ್ಟದಲ್ಲಿ, ಕೆಲವೊಮ್ಮೆ ಕೆಳಗೇ, ಹಾದುಹೋಗುತ್ತದೆ. ವಿಮಾನ ಹುಚ್ಚಿನ ಮಕ್ಕಳಿದ್ದರೆ ಇಲ್ಲಿ ಒಂದು ಬಸ್ಸು ಬಿಟ್ಟರೂ ಪರವಾಗಿಲ್ಲ. ಇಳಿಯುವ ವಿಮಾನಗಳ ಸಮಯ ಫೋನಿನ ಫ್ಲೈಟ್ ಟ್ರ್ಯಾಕರಿನಲ್ಲಿ ಸಿಗುತ್ತದೆ.

ಅಲ್ಲಿಂದ ಹಿಂದಕ್ಕೆ ಮೊನ್ ರೆಪೊ ಸುಮಾರು ಎರಡು ಕಿಲೋಮೀಟರ್. ದ್ವೀಪ ಬ್ರಿಟಿಷರ ಕೈಯಲ್ಲಿದ್ದಾಗ ಇಲ್ಲಿ ಹೈಕಮಿಷನರ್ ಆಗಿದ್ದ ಫ್ರೆಡರಿಕ್ ಆಡಂ 1828-31ರಲ್ಲಿ ಕಟ್ಟಿಸಿದ ಬಂಗಲೆ. ರಾಣಿ ಎರಡನೇ ಎಲಿಜಬೆತ್‌ರ ಪತಿ ಪ್ರಿನ್ಸ್ ಫಿಲಿಪ್ ಹುಟ್ಟಿದ್ದು ಇಲ್ಲೇ, 1921ರ ಜೂನ್ 10ರಂದು. ನನ್ನ ಮಟ್ಟಿಗೆ ಬಂಗಲೆಗಿಂತ ತೋಟ ದೊಡ್ಡದು. ಗೇಟಿನಿಂದ ಏರುದಾರಿಯಲ್ಲಿ ಸ್ವಲ್ಪ ನಡೆದು, ಬಂಗಲೆ ದಾಟಿ ಕಾಡಿನೊಳಗೆ ಮುಂದುವರಿದರೆ ಕಾರ್ಡಾಕಿ ದೇವಾಲಯದ ಡೋರಿಕ್ ಕಂಬಗಳು ಸಿಗುತ್ತವೆ. ಪುರಾತನ ಕೊರ್ಫು ಪಟ್ಟಣ ಇದ್ದದ್ದು ಈ ಗುಡ್ಡದ ಮೇಲೆಯೇ, ಈಗಿನ ಊರಿನ ಜಾಗದಲ್ಲಲ್ಲ. ಗೇಟಿನ ಎದುರೇ, ರಸ್ತೆಯಾಚೆ, ಐದನೇ ಶತಮಾನದ ಬೆಸಿಲಿಕಾದ, ಅಂದರೆ ಹಳೇ ಚರ್ಚಿನ, ಗೋಡೆಗಳು ನಿಂತಿವೆ; ಬಸ್ಸು ಕಾಯುವ ಹೊತ್ತಿನಲ್ಲೇ ನೋಡಬಹುದು. ಈ ಸ್ಟಾಪಿಗೆ ಒಂದು ಗಂಟೆ ಬೇಕು. ಅರ್ಧ ಗಂಟೆಯೆಂದು ಇಳಿದವರು ಬಂಗಲೆಯ ಮೆಟ್ಟಿಲವರೆಗೆ ಹೋಗಿ ಓಡಿ ಬರುತ್ತಾರೆ.

ಗರಿತ್ಸಾದಿಂದ ಬಸ್ಸಿನ ಹಂಗು ಬಿಡಿ. ಪುರಾತತ್ವ ಮ್ಯೂಸಿಯಂ ಇರುವುದು ಈ ಕೊಲ್ಲಿಯ ಉತ್ತರ ತುದಿಗೆ, ಒಳಗಿನ ವ್ರೈಲಾ ರಸ್ತೆಯಲ್ಲಿ. ಕೊರ್ಫುವಿನಲ್ಲಿ ಒಂದೇ ವಸ್ತು ನೋಡಲು ಸಮಯವಿದ್ದರೆ ನಾನು ಹೇಳುವುದು ಅಲ್ಲಿಯ ಗೊರ್ಗೋವನ್ನು. ಕ್ರಿ.ಪೂ. 580ರ ಸುಮಾರಿನ ಆರ್ಟೆಮಿಸ್ ದೇವಾಲಯದ ಮುಂಭಾಗದ ತ್ರಿಕೋನ ಶಿಲ್ಪ ಅದು, ಸುಮಾರು 17 ಮೀಟರ್ ಅಗಲ, ಮೂರು ಮೀಟರಿಗೂ ಹೆಚ್ಚು ಎತ್ತರ. ನಡುವೆ ಆ ಗೊರ್ಗೋ, ಅಂದರೆ ಗ್ರೀಕ್ ಪುರಾಣದ ರಾಕ್ಷಸಿ ಮೆಡೂಸಾ, ಮೊಣಕಾಲು ಮಡಚಿ ಓಡುವ ಭಂಗಿಯಲ್ಲಿದ್ದಾಳೆ. ನಾಲಿಗೆ ಹೊರಗೆ, ಕಣ್ಣು ದುಂಡಗೆ. ಸೊಂಟಕ್ಕೆ ಪಟ್ಟಿಯ ಬದಲು ಎರಡು ಹಾವುಗಳು ಒಂದಕ್ಕೊಂದು ಹೆಣೆದು ಎದುರುಬದುರು ತಲೆ ಎತ್ತಿವೆ. ಎರಡೂ ಪಕ್ಕದಲ್ಲಿ ದೊಡ್ಡ ಚಿರತೆಗಳು, ಅವುಗಳ ಮೈಮೇಲಿನ ಮಚ್ಚೆಗಳನ್ನು ಒಂದೊಂದಾಗಿ ಕೊರೆದಿದ್ದಾರೆ. ಮೊದಲು ಹಿಂದಿನ ಗೋಡೆಗೆ ಒರಗಿ ನೋಡಿ, ಆಮೇಲೆ ಹತ್ತಿರ ಹೋಗಿ.

ಅಲ್ಲಿಂದ ಹತ್ತು ನಿಮಿಷ ನಡೆದರೆ ಸ್ಪಿಯಾನಾದಾ. ಇಲ್ಲಿ ಬ್ರಿಟಿಷ್ ಸೈನಿಕರು 1823ರಲ್ಲಿ ಕ್ರಿಕೆಟ್ ಆಡಿದರು, ಊರಿನವರು ಬ್ಯಾಟು ಕೆಳಗಿಡಲೇ ಇಲ್ಲ. ಈಗ ಮೈದಾನದ ಒಂದು ಭಾಗ ಕಾರು ನಿಲ್ಲಿಸುವ ಜಾಗವಾಗಿದೆ, ದೊಡ್ಡ ಪಂದ್ಯಗಳು ಗುವಿಯಾದ ಮೈದಾನಕ್ಕೆ ಹೋಗಿವೆ. ಕ್ರಿಕೆಟ್ ಪ್ರೀತಿಸುವ ಯಾರಿಗೂ ಇದು ನೋವಿನ ಸಂಗತಿಯೇ. ಮೈದಾನದ ಉತ್ತರಕ್ಕಿರುವ ಅರಮನೆ 1819-24ರಲ್ಲಿ ಬ್ರಿಟಿಷರು ಕಟ್ಟಿದ್ದು, ಈಗ ಅದು ಏಷ್ಯಾ ಕಲೆಗಳ ಮ್ಯೂಸಿಯಂ. ಚೀನಾ, ಜಪಾನಿನ ವಸ್ತುಗಳ ಜೊತೆ ಭಾರತದ ಶಿಲ್ಪಗಳೂ ಇಲ್ಲಿವೆ. ಕೋಟೆ ಹತ್ತುವ ಯೋಚನೆಯಿದ್ದರೆ ಕಾಲಿಗೆ ಹಿಡಿತವಿರುವ ಬೂಟು ಬೇಕೇ ಬೇಕು. ದೀಪಸ್ತಂಭದ ಕಡೆಗಿನ ಕಲ್ಲಿನ ಇಳಿಜಾರು ಒಣಗಿದ್ದಾಗಲೂ ಜಾರುತ್ತದೆ. ಓಣಿಗಳೊಳಗೆ ಸಂತ ಸ್ಪಿರಿಡಾನ್ ಚರ್ಚಿಗೆ ಗುರುತು ಅದರ ಕೆಂಪು ಗುಮ್ಮಟದ ಗಂಟೆಗೋಪುರ. ಸಂತನ ದೇಹವನ್ನು ಬೆಳ್ಳಿಯ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಹೆಗಲು, ಮೊಣಕಾಲು ಮುಚ್ಚಿರಲಿ. ಬಸ್ಸಿನ ಬಿಸಿಲಿಗೆಂದು ಹಾಕಿದ ಬಟ್ಟೆಯ ಮೇಲೆ ಹೊದೆಯಲು ತೆಳ್ಳನೆಯ ದುಪ್ಪಟ್ಟಾ ಸಾಕು.

ಸಸ್ಯಾಹಾರಿಗಳು ‘ನಿಸ್ತೀಸಿಮೊ’ ಎಂದು ಕೇಳಿ. ಅದು ಅವರ ಉಪವಾಸದ ಅಡುಗೆ: ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ, ಆದರೆ ಸೀಗಡಿ, ಸ್ಕ್ವಿಡ್ ಇರಬಹುದು, ಕೇಳಿ ಖಾತ್ರಿ ಮಾಡಿಕೊಳ್ಳಿ. ಟೊಮೆಟೊದಲ್ಲಿ ಬೇಯಿಸಿದ ದೊಡ್ಡ ಅವರೆಯಂಥ ಗಿಗಾಂಡೆಸ್, ತರಕಾರಿಯ ಬ್ರಿಯಾಮ್ ಹೊಟ್ಟೆ ತುಂಬಿಸುತ್ತವೆ. ಬ್ರಿಟಿಷರು ಬಿಟ್ಟುಹೋದ ಶುಂಠಿಯ ಪಾನೀಯ ತ್ಸಿತ್ಸಿಬೀರಾ ಬಿಸಿಲಿಗೆ ಒಳ್ಳೆಯದು.

ಕೆಟ್ಟುಹೋಗುವುದು ಸಾಮಾನ್ಯವಾಗಿ ಎಲ್ಲಿ? ಕೊನೆಯ ಬಸ್ಸಿನಲ್ಲಿ. ನಕ್ಷೆಯಲ್ಲಿ ಬರೆದ ಕೊನೆಯ ಹೊತ್ತು ಬಂದರಿನಿಂದ ಹೊರಡುವ ಹೊತ್ತು. ನೀವು ನಿಂತ ಸ್ಟಾಪಿಗೆ ಅದು ಬರುವುದು ಬೇರೆ ಹೊತ್ತಿಗೆ. ಎರಡು ಮೂರು ಹಡಗು ಒಟ್ಟಿಗೆ ಬಂದ ದಿನ ಬಸ್ಸು ತುಂಬಿಕೊಂಡೇ ಬರುತ್ತದೆ, ನಡುವಿನ ಸ್ಟಾಪಿನವರಿಗೆ ಜಾಗ ಇರುವುದಿಲ್ಲ. ಹಡಗು ಹತ್ತಬೇಕಾದ ಹೊತ್ತಿಗೆ ಎರಡು ಗಂಟೆ ಮೊದಲೇ ದಕ್ಷಿಣದ ಸ್ಟಾಪುಗಳನ್ನು ಮುಗಿಸಿರಿ. ಹಡಗಿನ ಗಡಿಯಾರ ಗ್ರೀಸಿನ ಹೊತ್ತಿಗೇ ಇದೆಯೇ ನೋಡಿಕೊಳ್ಳಿ, ಇಟಲಿಯಿಂದ ಬಂದ ಹಡಗಾದರೆ ಒಂದು ಗಂಟೆಯ ವ್ಯತ್ಯಾಸವಿರುತ್ತದೆ. ಆರ್ಥೊಡಾಕ್ಸ್ ಈಸ್ಟರಿನ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಊರಿನವರು ಕಿಟಕಿಗಳಿಂದ ನೀರು ತುಂಬಿದ ಮಣ್ಣಿನ ಮಡಕೆಗಳನ್ನು ಬೀದಿಗೆ ಎಸೆಯುತ್ತಾರೆ. ಆ ದಿನ ಮತ್ತು ಆಗಸ್ಟ್ 11ರಂಥ ಸಂತನ ಮೆರವಣಿಗೆಯ ದಿನ ಸ್ಪಿಯಾನಾದಾ ಸುತ್ತಿನ ರಸ್ತೆ ಮುಚ್ಚುವುದರಿಂದ ಬಸ್ಸನ್ನು ಲೆಕ್ಕಕ್ಕೇ ಹಿಡಿಯಬೇಡಿ. ಚಳಿಗಾಲದಲ್ಲಂತೂ ತೆರೆದ ಬಸ್ಸು ಓಡುವುದಿಲ್ಲ.

ಅಂಥ ಹೊತ್ತಿಗೆ, ಅಥವಾ ಕಾನೋನಿಯೊಂದೇ ಸಾಕು ಎನ್ನುವವರಿಗೆ, ಊರಿನ ನೀಲಿ ಸಿಟಿ ಬಸ್ಸು ಇದೆ. ಸಾರೋಕೋ ಚೌಕದ ಕಡೆಯಿಂದ ಹೊರಡುವ 2ಎ ಕಾನೋನಿಗೆ ಹೋಗುತ್ತದೆ, ದರ ಟೂರಿಸ್ಟ್ ಬಸ್ಸಿನ ಸಣ್ಣ ಒಂದು ಪಾಲು. ಟಿಕೆಟನ್ನು ಬಸ್ಸಿನೊಳಗೆ ಕೊಳ್ಳುವುದಕ್ಕಿಂತ ಮೊದಲೇ ಕಿಯಾಸ್ಕಿನಲ್ಲಿ ಕೊಂಡರೆ ಅಗ್ಗ. ಆಸ್ಟ್ರಿಯಾದ ಸಾಮ್ರಾಜ್ಞಿ ಎಲಿಜಬೆತ್ (ಸಿಸಿ) ಕಟ್ಟಿಸಿದ ಅಖಿಲಿಯೊನ್ ಅರಮನೆ ಸುಮಾರು ಹತ್ತು ಕಿಲೋಮೀಟರ್ ದೂರದ ಗಸ್ತೂರಿ ಹಳ್ಳಿಯಲ್ಲಿದೆ, ಅದಕ್ಕೆ ನೀಲಿ ಬಸ್ಸು 10. ದುರಸ್ತಿಗೆಂದು ಒಳಭಾಗ ಮುಚ್ಚಿರುವುದುಂಟು, ಹೊರಡುವ ಮೊದಲು ವಿಚಾರಿಸಿ. ಮರುದಿನ ಎದುರಿನ ಅಲ್ಬೇನಿಯಾದ ಸರಾಂದಾಕ್ಕೆ ದೋಣಿಯಲ್ಲಿ ಹೋಗಿಬರುವ ಆಸೆಯಿದ್ದರೆ ಭಾರತದ ಪಾಸ್‌ಪೋರ್ಟ್ ಇರುವವರು ಷೆಂಗೆನ್ ವೀಸಾದ ಮೇಲೆ ಒಮ್ಮೆ ಕಣ್ಣು ಹಾಯಿಸಿ: ಪ್ರವೇಶದ ಕಡೆ ‘ಮಲ್ಟಿಪಲ್’ ಎಂದಿರಬೇಕು. ಒಂದೇ ಪ್ರವೇಶದ ವೀಸಾದಲ್ಲಿ ಹೋದವರಿಗೆ ಕೊರ್ಫುವಿಗೆ ಮರಳಲು ಆಗುವುದಿಲ್ಲ.