ಈ ಗೋಡೆಗೆ ಮೊಳೆ ಹೊಡೆಯೋರು ಯಾರು?

ಮಂಗಳವಾರ ಇಲ್ಲಿ ಅಮೆರಿಕದಲ್ಲಿ ನಮ್ಮ ಮನೆಯ ಬೇಸ್‌ಮೆಂಟಿನ ವೈರಿಂಗ್ ನೋಡಲು ಟೌನ್‌ಶಿಪ್ಪಿನ ಇನ್‌ಸ್ಪೆಕ್ಟರ್ ಬಂದಿದ್ದರು. ಪಾಸ್ ಮಾಡಲಿಲ್ಲ. ಅದರಿಂದ ನನಗೇನೂ ಬೇಜಾರಾಗಲಿಲ್ಲ. ಆದರೆ ಅವತ್ತು ಅಲ್ಲಿ ನಡೆದ ಮಾತು ಇನ್ನೂ ತಲೆಯಿಂದ ಇಳಿದಿಲ್ಲ.

ವಯಸ್ಸಾದವರು, ಜಾಸ್ತಿ ಮಾತಿಲ್ಲ. ಟಾರ್ಚ್ ಹಿಡಿದು ಒಂದೊಂದೇ ಸ್ಟಡ್, ಅಂದರೆ ಗೋಡೆಯೊಳಗಿನ ಮರದ ಕಂಬ, ನೋಡುತ್ತಾ ಹೋದರು. ಒಂದು ಮೂಲೆಯಲ್ಲಿ ನಿಂತು ಟೇಪ್ ತೆಗೆದರು. ಹಳದಿ ಕೇಬಲ್ ಹಾದುಹೋಗಲು ಮರಕ್ಕೆ ಕೊರೆದಿದ್ದ ತೂತು ಅಂಚಿಗೆ ತೀರಾ ಹತ್ತಿರ ಇತ್ತು. ತೂತಿನಿಂದ ಮರದ ಅಂಚಿಗೆ ಒಂದೂಕಾಲು ಇಂಚು ಇರಬೇಕು. ಇಲ್ಲದಿದ್ದರೆ ಅದರ ಮುಂದೆ ಉಕ್ಕಿನ ತಗಡು ಬಡಿಯಬೇಕು. ಅಲ್ಲಿ ಎರಡೂ ಇರಲಿಲ್ಲ.

ನಮ್ಮ ಕಾಂಟ್ರಾಕ್ಟರ್, "ಮೇಲೆ ಡ್ರೈವಾಲ್ ಬರುತ್ತಲ್ಲ ಸರ್, ಏನೂ ಆಗಲ್ಲ" ಎಂದರು.

ಇನ್‌ಸ್ಪೆಕ್ಟರ್ ತಿರುಗಿ, "ಈ ಗೋಡೆಗೆ ಮುಂದೆ ಮೊಳೆ ಹೊಡೆಯೋರು ಯಾರು ಅಂತ ನಿಮಗೆ ಗೊತ್ತಾ?" ಎಂದು ಕೇಳಿದರು.

ಕಾಂಟ್ರಾಕ್ಟರ್ ಉತ್ತರ ಕೊಡಲಿಲ್ಲ. ಹಿಂದೆ ನಿಂತಿದ್ದ ಹೆಲ್ಪರ್ ಹುಡುಗನ ಕಡೆ ಕೈ ತೋರಿಸಿ, "ಕೊರೆದಿದ್ದು ಅವನು" ಎಂದರು.

ಆ ಪ್ರಶ್ನೆಯ ತೂಕ ನನಗೆ ರಾತ್ರಿ ಅರ್ಥವಾಯಿತು. ಇಲ್ಲಿ ಡ್ರೈವಾಲ್ ಅಂದರೆ ಬರೀ ಅರ್ಧ ಇಂಚಿನ ಜಿಪ್ಸಮ್ ಹಲಗೆ. ಭಾರದ ವಸ್ತು ತಡೆಯುವ ಶಕ್ತಿ ಅದಕ್ಕಿಲ್ಲ. ಹಾಗಾಗಿ ಟಿವಿ, ಕಪಾಟು, ದೊಡ್ಡ ಫೋಟೊ ತೂಗುಹಾಕುವವರು ಹುಡುಕಿ ಹುಡುಕಿ ಸ್ಟಡ್ ಮೇಲೆಯೇ ಮೊಳೆ ಹೊಡೆಯುತ್ತಾರೆ. ಅದನ್ನು ಹುಡುಕಲೆಂದೇ ಒಂದು ಯಂತ್ರ ಕೂಡ ಇದೆ. ಕೇಬಲ್ ಎರಡು ಸ್ಟಡ್‌ಗಳ ನಡುವಿನ ಖಾಲಿ ಜಾಗದಲ್ಲಿದ್ದರೆ ಮೊಳೆ ತಾಗಿದಾಗ ಸ್ವಲ್ಪ ಸರಿದುಕೊಳ್ಳಬಹುದು. ಮರದ ತೂತಿನೊಳಗೆ ಅದಕ್ಕೆ ಸರಿಯಲು ಜಾಗವೇ ಇಲ್ಲ. ಎರಡಿಂಚಿನ ಮೊಳೆ ಅರ್ಧ ಇಂಚಿನ ಹಲಗೆ ದಾಟಿ ಒಂದೂವರೆ ಇಂಚು ಮರದೊಳಗೆ ಹೋಗುತ್ತೆ. ಲೆಕ್ಕ ಅಷ್ಟೇ.

ಊರಲ್ಲಿ ಹೀಗಿಲ್ಲ. ಶಿವಮೊಗ್ಗದ ನಮ್ಮ ಮನೆಯಲ್ಲಿ ಇಟ್ಟಿಗೆ ಗೋಡೆ ಕೊರೆದು ಪೈಪ್ ಕೂರಿಸಿ, ಬಾಕ್ಸ್ ಇಟ್ಟು, ಸುತ್ತ ಸಿಮೆಂಟ್ ಮೆತ್ತಿದ್ದರು. ವೈರ್ ಎಳೆದದ್ದು ಆಮೇಲೆ. ಕೆಟ್ಟರೆ ಹಳೆಯದನ್ನು ಎಳೆದು ಹೊಸದು ಹಾಕಬಹುದು. ಮೊಳೆ ಹೊಡೆಯಲು ಹೋದರೆ ಅಪ್ಪ, "ಸ್ವಿಚ್‌ಬೋರ್ಡಿನ ನೇರಕ್ಕೆ ಬೇಡಮ್ಮ" ಎಂದು ಕೂಗುತ್ತಿದ್ದರು. ಮನೆ ಕಟ್ಟಿಸಿದವರೇ ಮನೆಯಲ್ಲಿದ್ದರು, ಪೈಪ್ ಎಲ್ಲಿ ಹೋಗಿದೆ ಅಂತ ಅವರಿಗೆ ನೆನಪಿತ್ತು. ಇಲ್ಲಿ ಕೇಬಲ್ಲೇ ನೇರವಾಗಿ ಮರದ ಗೂಡಿನೊಳಗೆ ಮಲಗುತ್ತೆ. ಗೋಡೆ ಮುಚ್ಚಿದ ಮೇಲೆ ಅದನ್ನು ಸುಲಭವಾಗಿ ಬದಲಾಯಿಸಲು ಬರಲ್ಲ. ಮನೆಗಳೂ ಕೈ ಬದಲಾಗುತ್ತಲೇ ಇರುತ್ತವೆ. ನಮ್ಮ ನಂತರ ಯಾವ ಮಗುವಿನ ಕೋಣೆಯೋ, ಅವರ ಅಮ್ಮ ಯಾವ ಚಿತ್ರಕ್ಕೆ ಮೊಳೆ ಹೊಡೆಯುತ್ತಾಳೋ. ಅವಳನ್ನು ಎಚ್ಚರಿಸಲು ಅಲ್ಲಿ ಯಾರಿರುತ್ತಾರೆ?

ಇಲ್ಲಿನ ನಿಯಮಗಳೆಲ್ಲ ಆ ಗುರುತಿಲ್ಲದ ಮನುಷ್ಯನಿಗಾಗಿಯೇ ಇರುವಂತೆ ಈಗ ನನಗೆ ಕಾಣುತ್ತಿವೆ. ಕೇಬಲನ್ನು ನಾಲ್ಕೂವರೆ ಅಡಿಗೊಮ್ಮೆಯಾದರೂ ಹಿಡಿದು ನಿಲ್ಲಿಸಬೇಕು. ಸ್ವಿಚ್, ಪ್ಲಗ್ ಕೂರುವ ಬಾಕ್ಸ್ ಒಳಗೆ ಕೇಬಲ್ ಹಿಡಿಯುವ ಕ್ಲ್ಯಾಂಪ್ ಇಲ್ಲದ ಒಂಟಿ ಪ್ಲಾಸ್ಟಿಕ್ ಬಾಕ್ಸ್ ಆದರೆ ಅದರಿಂದ 8 ಇಂಚಿನೊಳಗೆ ಸ್ಟೇಪಲ್ (ಕೇಬಲನ್ನು ಮರಕ್ಕೆ ಹಿಡಿಸುವ ಕೊಂಡಿಮೊಳೆ) ಬೀಳಬೇಕು, ಕ್ಲ್ಯಾಂಪ್ ಇದ್ದರೆ 12 ಇಂಚಿನೊಳಗೆ. ಯಾಕೆಂದರೆ ಮುಂದೆ ಯಾರಾದರೂ ಪ್ಲಗ್ ಪಾಯಿಂಟ್ ಬಿಚ್ಚಿ ಎಳೆದಾಗ ಕೇಬಲ್ ಜಾರಿ ಬರಬಾರದು. ಸ್ಟೇಪಲನ್ನು ಜೋರಾಗಿಯೂ ಹೊಡೆಯಬಾರದು, ಹೊರಪದರ ಜಜ್ಜಿಹೋಗುತ್ತೆ. ಬಾಕ್ಸನ್ನು ಸ್ಟಡ್‌ನಿಂದ ಡ್ರೈವಾಲ್ ದಪ್ಪದಷ್ಟು ಮುಂದಕ್ಕೆ ಇಟ್ಟು ಬಡಿಯಬೇಕು. ಹಿಂದೆ ಉಳಿದರೆ ಬಾಕ್ಸಿಗೂ ಗೋಡೆಗೂ ನಡುವೆ ಸಂದು ಬಿಡುತ್ತೆ, ಕಿಡಿ ಹಾರಿದರೆ ಪಕ್ಕದಲ್ಲೇ ಒಣ ಮರ.

ಈ ಬಾಕ್ಸಿನ ಕೆಲಸದಲ್ಲಿ ಇನ್‌ಸ್ಪೆಕ್ಟರಿಗೆ ಒಂದೂ ತಪ್ಪು ಸಿಗಲಿಲ್ಲ. ಕೈಯಿಂದ ಅಲ್ಲಾಡಿಸಿ ನೋಡಿದರು, ಒಂದೂ ಅಲ್ಲಾಡಲಿಲ್ಲ. ಅದನ್ನು ಮಾಡಿದವನೂ ಅದೇ ಹುಡುಗ. ನಾನು ನೋಡಿದ್ದೇನೆ: ಸುತ್ತಿಗೆಯನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ಅದರ ತುದಿಗೆ ಬಾಕ್ಸ್ ಇಟ್ಟು ಗುರುತು ಹಾಕುತ್ತಿದ್ದ. ಎಲ್ಲವೂ ಒಂದೇ ಎತ್ತರ. ಅಷ್ಟು ಅಚ್ಚುಕಟ್ಟು ಇರುವವನು ತೂತನ್ನು ಸುಮ್ನೆ ಅಂಚಿಗೆ ಕೊರೆಯುತ್ತಾನಾ? ಆ ಮೂಲೆಯಲ್ಲಿ ನೀರಿನ ಪೈಪು ಅಡ್ಡ ಬಂದಿದೆ, ಡ್ರಿಲ್ ನಡುಮಧ್ಯಕ್ಕೆ ಹೋಗಲ್ಲ. ಅಂಥ ಕಡೆಗೆಂದೇ ಆ ತಗಡು ಇರುವುದು. ಅದು ಪುಡಿಕಾಸಿನ ಸಾಮಾನು. ತರಿಸಿಕೊಡಬೇಕಾದವರು ಕಾಂಟ್ರಾಕ್ಟರ್. ತರಿಸಿರಲಿಲ್ಲ.

ಅವರ ಬಗ್ಗೆ ನನಗೆ ಮೊದಲಿಂದಲೂ ಅಷ್ಟು ಒಳ್ಳೆಯ ಅಭಿಪ್ರಾಯ ಇಲ್ಲ. ಆ ಹುಡುಗನನ್ನು ಅವರು ಒಮ್ಮೆಯೂ ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಕೆಲಸ ಚೆನ್ನಾಗಿದೆ ಎಂದು ನಾವು ಹೊಗಳಿದಾಗ "ನಾವು ಹೀಗೇ ಮಾಡೋದು" ಅನ್ನುತ್ತಿದ್ದರು. ತಪ್ಪು ಸಿಕ್ಕಿದ ಕೂಡಲೇ "ಅವನು". ಪರ್ಮಿಟ್ ಕಾಗದದ ಮೇಲಿರುವ ಸಹಿ ಅವರದು, ಹುಡುಗನದಲ್ಲ. ಲೈಸೆನ್ಸಿಗೆಂದೇ ನಾವು ಅವರಿಗೆ ಜಾಸ್ತಿ ದುಡ್ಡು ಕೊಡುತ್ತಿರುವುದು, ಅಲ್ವಾ?

ಇನ್‌ಸ್ಪೆಕ್ಟರ್ ಮಾತ್ರ ಹುಡುಗನಿಗೆ ಒಂದು ಮಾತೂ ಅನ್ನಲಿಲ್ಲ. ಕಾಗದ ಬರೆದು ಕಾಂಟ್ರಾಕ್ಟರ್ ಕೈಗೇ ಕೊಟ್ಟು, "ಇದು ನಿಮಗೆ" ಎಂದರು. ನನಗೆ ಅವರ ಮೇಲೆ ತುಂಬಾ ಗೌರವ ಬಂತು.

ಗುರುವಾರ ತಗಡು ಬಂತು, ಹುಡುಗನೇ ಬಡಿದ. ನಾನು ಗೋಡೆ ಗೋಡೆಗೂ ಟೇಪ್ ಹಿಡಿದು ಫೋಟೊ ತೆಗೆದೆ. ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು, ಕೇಬಲ್ ಎಲ್ಲಿ ತಿರುಗುತ್ತೆ, ಎಲ್ಲ ಅದರಲ್ಲಿದೆ. ಮನೆ ಕಾಗದಪತ್ರದ ಫೈಲಿಗೆ ಪ್ರಿಂಟ್ ಹಾಕಿಸಿ ಸೇರಿಸುತ್ತೇನೆ.

ಹೊರಡುವ ಹೊತ್ತಿಗೆ ಕಾಂಟ್ರಾಕ್ಟರನ್ನು ನಿಲ್ಲಿಸಿ, ಈ ಹೆಚ್ಚುವರಿ ಕೆಲಸದ ಕೂಲಿ ಹುಡುಗನಿಗೆ ಸಿಗುತ್ತೆ ತಾನೇ ಎಂದು ಕೇಳಿದೆ. "ಅದು ನಮ್ಮ ನಮ್ಮೊಳಗಿನ ವಿಷಯ ಮೇಡಂ" ಎಂದರು. ಮುಂದಿನ ವಾರ ಮತ್ತೆ ಇನ್‌ಸ್ಪೆಕ್ಷನ್ ಇದೆ. ಪಾಸಾದ ಮೇಲೆ ಕೊನೆಯ ಕಂತು ಕೊಡಬೇಕು. ಚೆಕ್ ಕೊಡುವಾಗ ಹುಡುಗನ ಎದುರಿಗೇ ಇದನ್ನು ಮತ್ತೆ ಕೇಳುತ್ತೇನೆ.